ರಾಕ್‌ವೂಲ್ ಪ್ಯಾನೆಲ್: ಮನೆಯ ರೆಕಾರ್ಡಿಂಗ್ ಕೋಣೆಯಲ್ಲಿ ಬಹಳ ದಿನ ಬಳಸಿದ ಮೇಲೆ

ರಾಕ್‌ವೂಲ್ ಅಂದರೆ ಕಲ್ಲು ಕರಗಿಸಿ ಎಳೆ ತೆಗೆದು ಮಾಡಿದ ಉಣ್ಣೆ, ಕೋಣೆಯೊಳಗಿನ ಮಾರ್ದನಿ ಹೀರಲು ಬಳಸುತ್ತಾರೆ. ನನ್ನದು 50 ಮಿ.ಮೀ. ದಪ್ಪದ ಸ್ಲ್ಯಾಬ್, ಸಾಂದ್ರತೆ ಘನ ಮೀಟರಿಗೆ 48 ಕೆಜಿ. ಅದಕ್ಕೆ ಮರದ ಚೌಕಟ್ಟು ಹಾಕಿಸಿ, ಬಟ್ಟೆ ಹೊದಿಸಿ, ವಿಜಯನಗರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ನೇತುಹಾಕಿದ್ದೇನೆ. ಕನ್ನಡ ಕಥೆ, ಕಾದಂಬರಿ ಓದಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ಹೊಸದಾಗಿ ಹಾಕಿದ ವಾರ ಯಾವುದಾದರೂ ಚೆನ್ನಾಗಿಯೇ ಅನ್ನಿಸುತ್ತದೆ, ಅದಕ್ಕೇ ಮಳೆಗಾಲ, ಬೇಸಿಗೆ ಎಲ್ಲ ದಾಟಲಿ ಅಂತ ಕಾದು ಈಗ ಬರೆಯುತ್ತಿದ್ದೇನೆ.

ಕೋಣೆ 10 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ. ದನಿಗೆ ಇದಕ್ಕಿಂತ ಕೆಟ್ಟ ಆಕಾರ ಸಿಗುವುದು ಕಷ್ಟ. 10 ಅಡಿ ದೂರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್, ಅದರ ದುಪ್ಪಟ್ಟು 112 ಹರ್ಟ್ಸ್, ಹೀಗೆ ಕೆಲವು ಸ್ವರಗಳು ಮಾತ್ರ ಜಾಸ್ತಿ ಮೊಳಗುತ್ತವೆ. ಮೂರೂ ಅಳತೆ ಒಂದೇ ಆದರೆ ಮೂರು ದಿಕ್ಕಿನ ಮೊಳಗೂ ಅದೇ ಸ್ವರಗಳ ಮೇಲೆ ಬಂದು ಕೂರುತ್ತದೆ. ಗಂಡಸರ ಮಾತಿನ ಮೂಲ ಸ್ವರ ಹೆಚ್ಚುಕಡಿಮೆ 85ರಿಂದ 180 ಹರ್ಟ್ಸ್ ಒಳಗೆ ಇರುತ್ತದೆ, ಅಂದರೆ 112 ಅದರ ಮಧ್ಯದಲ್ಲೇ ಇದೆ. ಸಾಲದ್ದಕ್ಕೆ ಕೆಳಗೆ ವಿಟ್ರಿಫೈಡ್ ಟೈಲ್ಸ್, ಸುತ್ತ ಸಿಮೆಂಟ್ ಗೋಡೆ. ಒಂದು ಚಪ್ಪಾಳೆ ತಟ್ಟಿದರೆ ಟರ್ರ್ ಅಂತ ಬಾಲ ಎಳೆಯುತ್ತಿತ್ತು.

ಈ ಬಾಲ ಕನ್ನಡಕ್ಕೆ ಮಾಡುವ ಹಾನಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತು, ಅಕ್ಕಿ, ಕಪ್ಪು ಅನ್ನುವಾಗ ಒತ್ತು ಬರುವ ಜಾಗದಲ್ಲಿ ದನಿ ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ. ಆ ಸಣ್ಣ ಮೌನ ಇದ್ದರೇ ಒತ್ತು ಚೆನ್ನಾಗಿ ಕೇಳಿಸುವುದು. ಗೋಡೆಯಿಂದ ವಾಪಸ್ ಬರುವ ದನಿ ಹೋಗಿ ಅದೇ ಮೌನವನ್ನು ತುಂಬಿಬಿಡುತ್ತದೆ. ನಾವು ಎಷ್ಟೇ ಸ್ಪಷ್ಟವಾಗಿ ಉಚ್ಚರಿಸಿದರೂ ಕೇಳುವವರಿಗೆ ಒತ್ತಕ್ಷರ ಮೆತ್ತಗಾಗಿ, ಮಬ್ಬಾಗಿ ತಲುಪುತ್ತದೆ. ಇಷ್ಟು ಒತ್ತಕ್ಷರ ಇರುವ ಭಾಷೆಯಲ್ಲಿ ಓದುವವರು ಮೈಕ್‌ಗಿಂತ ಮೊದಲು ಕೋಣೆಗೆ ದುಡ್ಡು ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದೇ ಕೆಲಸದಲ್ಲಿರುವ ಗೆಳೆಯನೊಬ್ಬ ನಾಲ್ಕೂ ಗೋಡೆಗೆ ಒಂದು ಇಂಚಿನ ಫೋಮ್ ಅಂಟಿಸಿದ್ದಾನೆ. ಚಪ್ಪಾಳೆಯ ಟರ್ರ್ ಹೋಗಿದೆ, ನಿಜ. ಆದರೆ ಅವನ ದನಿ ಡಬ್ಬದೊಳಗಿಂದ ಬಂದ ಹಾಗಿದೆ. ಕಾರಣ ಇಷ್ಟೇ: ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿಯ ಕಣಗಳು ಅಲುಗಾಡುವುದೇ ಕಡಿಮೆ, ಗೋಡೆ ಬಿಟ್ಟು ತರಂಗದ ಉದ್ದದ ಕಾಲು ಭಾಗ ದೂರ ಬಂದಾಗ ಆ ಅಲುಗಾಟ ಅತಿ ಹೆಚ್ಚು, ಮತ್ತು ಫೋಮ್ ಆಗಲಿ ಉಣ್ಣೆಯಾಗಲಿ ಹೀರುವುದು ಆ ಅಲುಗಾಟವನ್ನೇ. 200 ಹರ್ಟ್ಸ್ ತರಂಗದ ಉದ್ದ ಸುಮಾರು 1.7 ಮೀಟರ್, ಅದರ ಕಾಲು ಭಾಗ 43 ಸೆಂ.ಮೀ. ಒಂದು ಇಂಚಿನ ಫೋಮ್ ಅಲ್ಲಿ ಏನೂ ಮಾಡಲಾರದು. ತೆಳು ಫೋಮ್ ಸ, ಶಗಳ ಹೊಳಪನ್ನು ಹೀರಿ ತಳದ ಗುಂಯ್ ಅನ್ನು ಹಾಗೇ ಉಳಿಸುತ್ತದೆ. ಮೊಟ್ಟೆ ಟ್ರೇಗಳ ಬಗ್ಗೆಯೂ ಕೇಳುತ್ತಾರೆ. ಅದರಿಂದ ಉಪಯೋಗ ಇಲ್ಲ, ಸುಮ್ನೆ ಧೂಳು ಹಿಡಿಯುತ್ತದೆ.

ಕೊಳ್ಳುವಾಗ ಎನ್‌ಆರ್‌ಸಿ ಅಂತ, ದನಿಯನ್ನು ಎಷ್ಟು ಹೀರುತ್ತದೆ ಅಂತ ಹೇಳುವ ಒಂದು ಸಂಖ್ಯೆ ತೋರಿಸುತ್ತಾರೆ. ಅದು 250, 500, 1000, 2000 ಹರ್ಟ್ಸ್‌ಗಳ ಸರಾಸರಿ ಮಾತ್ರ. ಮಾತಿನ ತಳ ಇರುವುದು 250ಕ್ಕಿಂತ ಕೆಳಗೆ, ಅಲ್ಲಿ ಏನಾಗುತ್ತದೆ ಅಂತ ಆ ಸಂಖ್ಯೆ ಹೇಳುವುದಿಲ್ಲ. ಯಾವ ಹರ್ಟ್ಸ್‌ನಲ್ಲಿ ಎಷ್ಟು ಹೀರುತ್ತದೆ ಅನ್ನುವ ಪಟ್ಟಿ ಕೇಳಿ. ಅದು ಇಲ್ಲ ಅಂದರೆ ದಪ್ಪ ನೋಡಿ ತೀರ್ಮಾನ ಮಾಡಿ.

ನನ್ನ ಚೌಕಟ್ಟಿನ ಪೈನ್ ರೀಪು ಮೈಸೂರು ರಸ್ತೆ ಟಿಂಬರ್ ಯಾರ್ಡ್ ಲೇಔಟ್‌ನದು, ಬಟ್ಟೆ ಚಿಕ್ಕಪೇಟೆಯದು. ಬಟ್ಟೆಗೆ ಬಾಯಿಟ್ಟು ಊದಿ ನೋಡಬೇಕು, ಉಸಿರು ಸಲೀಸಾಗಿ ಆಚೆ ಹೋದರೆ ದನಿಯೂ ಒಳಗೆ ಹೋಗುತ್ತದೆ. ರೆಕ್ಸಿನ್ ಬೇಡವೇ ಬೇಡ. ಬಡಗಿ, "ಸಾರ್, ಹಿಂದೆ ಪ್ಲೈವುಡ್ ಹೊಡೆದುಬಿಡ್ಲಾ, ನೀಟಾಗಿ ಕಾಣುತ್ತೆ" ಅಂದರು. "ಬೇಡ ಅಣ್ಣ, ಹಿಂದೆ ತೆರೆದೇ ಇರ್ಲಿ, ಗೋಡೆಯಿಂದ ಎರಡು ಇಂಚು ಬಿಟ್ಟು ನೇತುಹಾಕಿ" ಅಂದೆ. ಆ ಎರಡು ಇಂಚಿನ ಖಾಲಿ ಜಾಗಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಆದರೆ ಪ್ಯಾನೆಲ್ ಇನ್ನಷ್ಟು ಕೆಳಗಿನ ಸ್ವರದವರೆಗೂ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಹೊರಗೋಡೆ ಥಂಡಿ ಹಿಡಿದಾಗಲೂ ಬಟ್ಟೆಗೆ ಬೂಷ್ಟು ಬರಲಿಲ್ಲ, ಹಿಂದೆ ಗಾಳಿ ಆಡುತ್ತದಲ್ಲ.

ರಾಕ್‌ವೂಲ್ ಕತ್ತರಿಸುವಾಗ ಮೈ ತುರಿಸುತ್ತದೆ. ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ ಬೇಕೇ ಬೇಕು. ಕ್ಯಾನ್ಸರ್ ಬರುತ್ತಾ ಅಂತ ಮನೆಯವರು ಕೇಳಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಇದನ್ನು 3ನೇ ಗುಂಪಿಗೆ ಹಾಕಿದೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವರ್ಗೀಕರಿಸಲು ಆಧಾರ ಸಾಲದು. ಆದರೂ ಒಳಗಿನ ಎಳೆ ಉದುರದ ಹಾಗೆ ಬಟ್ಟೆಯನ್ನು ಎಲ್ಲ ಕಡೆ ಮುಚ್ಚಿ ಸ್ಟೇಪಲ್ ಹೊಡೆಸಿ.

ಈಗ ಜಾಗದ ವಿಷಯ. ಎಲ್ಲರೂ ಮೈಕ್‌ನ ಹಿಂದೆ ಪ್ಯಾನೆಲ್ ಇಡುತ್ತಾರೆ. ಆದರೆ ಕಾರ್ಡಿಯಾಯ್ಡ್ ಮೈಕ್, ಅಂದರೆ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಮೈಕ್, ತನ್ನ ಹಿಂಬದಿಯಿಂದ ಬರುವುದನ್ನು ಮೊದಲೇ ಕಡಿಮೆ ಕೇಳಿಸಿಕೊಳ್ಳುತ್ತದೆ. ಅದರ ಮುಖ ಇರುವುದು ನಿಮ್ಮ ಕಡೆಗೆ, ಹಾಗಾಗಿ ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೇ ಅದು ಚೆನ್ನಾಗಿ ಕೇಳುತ್ತಿರುತ್ತದೆ. ನನ್ನ ಬೆನ್ನ ಹಿಂದೆ ಎರಡು ಸ್ಲ್ಯಾಬ್ ಜೋಡಿಸಿದ 100 ಮಿ.ಮೀ. ಪ್ಯಾನೆಲ್‌ಗಳಿವೆ, ಮೂಲೆಗಳಿಗೆ ಅಡ್ಡಲಾಗಿಯೂ ಅಷ್ಟೇ ದಪ್ಪದವು. ಪಕ್ಕದ ಗೋಡೆಗಳಿಗೆ 50 ಸಾಕು. ಬೆನ್ನ ಹಿಂದಿನವನ್ನು ಹಾಕಿದ ದಿನ ಆದ ಬದಲಾವಣೆ ಉಳಿದೆಲ್ಲ ಸೇರಿಸಿದರೂ ಆಗಲಿಲ್ಲ. ಇನ್ನೊಂದು, ಮೈಕ್‌ಗೆ ಇರುವ ದೂರವನ್ನು ಅರ್ಧ ಮಾಡಿದರೆ ನಿಮ್ಮ ನೇರ ದನಿ ಸುಮಾರು 6 ಡೆಸಿಬೆಲ್ ಜಾಸ್ತಿ ಆಗುತ್ತದೆ, ಕೋಣೆಯ ದನಿ ಇದ್ದಷ್ಟೇ ಇರುತ್ತದೆ.

ಕೊರತೆಗಳೂ ಇವೆ. ಒಂದು ಪ್ಯಾನೆಲ್‌ನಲ್ಲಿ ಸ್ಲ್ಯಾಬ್ ಕೆಳಗೆ ಜಗ್ಗಿತು, ಹಿಂದೆ ಅಡ್ಡಡ್ಡ ದಾರ ಕಟ್ಟಿ ಸರಿಮಾಡಿಸಿದೆ. ಮೇಲಂಚಿನಲ್ಲಿ ಧೂಳು ಕೂರುತ್ತದೆ. ಏಪ್ರಿಲ್‌ನಲ್ಲಿ ಫ್ಯಾನ್ ಆರಿಸಿ ಕೂತರೆ ಕೋಣೆ ಬೇಯುತ್ತದೆ. ಎಲ್ಲಕ್ಕಿಂತ ಮುಖ್ಯ, ಇದು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಕುಕ್ಕರ್ ವಿಷಲ್, ಬೋರ್‌ವೆಲ್ ಮೋಟಾರ್, ಪಕ್ಕದ ಸೈಟಿನ ಟೈಲ್ಸ್ ಕಟಿಂಗ್, ಯುಗಾದಿ ಹೊತ್ತಿಗೆ ಕೋಗಿಲೆ, ಎಲ್ಲವೂ ಒಳಗೆ ಬರುತ್ತವೆ. ಅವನ್ನು ತಡೆಯಲು ಭಾರವಾದ ಗೋಡೆ, ಗಾಳಿ ನುಸುಳದ ಬಾಗಿಲು ಬೇಕು. ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದ್ದು ಇದ್ದುದರಲ್ಲಿ ಉಪಕಾರ ಮಾಡಿದೆ. ಆಡಿಯೋ ಪುಸ್ತಕ ಪ್ರಕಟಿಸುವ ಎಸಿಎಕ್ಸ್ ಅನ್ನುವ ಜಾಲತಾಣದ ನಿಯಮದಲ್ಲಿ ಮೌನದ ಮಟ್ಟ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು. ನನಗೆ ಅದು ಸಲೀಸಾಗಿ ಸಿಗುವುದು ರಾತ್ರಿ 11ರ ಮೇಲೆ ಮಾತ್ರ.

ಬಾಡಿಗೆ ಮನೆಯವರು ಗೋಡೆಗೆ ಮೊಳೆ ಹೊಡೆಯಬೇಕಾಗಿಲ್ಲ. ಪ್ಯಾನೆಲ್‌ಗೆ ಕಾಲು ಹಾಕಿಸಿ ಬೆನ್ನ ಹಿಂದೆ ನಿಲ್ಲಿಸಿ, ಮನೆ ಬದಲಿಸುವಾಗ ಜೊತೆಗೇ ಬರುತ್ತದೆ. ಅದೂ ಆಗದಿದ್ದರೆ ತುಂಬಿದ ಬೀರುವಿನ ಬಾಗಿಲು ತೆರೆದು ಸೀರೆಗಳ ಕಡೆ ಬೆನ್ನು ಮಾಡಿ ಓದಿ, ಪಕ್ಕಕ್ಕೆ ಹಾಸಿಗೆ ಎತ್ತಿ ನಿಲ್ಲಿಸಿ. ಇದನ್ನು ಹಗುರವಾಗಿ ನೋಡಬೇಡಿ. 1895ರ ಸುಮಾರಿಗೆ ಹಾರ್ವರ್ಡ್‌ನಲ್ಲಿ ಭೌತವಿಜ್ಞಾನಿ ವಾಲೇಸ್ ಸೇಬಿನ್ ಒಂದು ಉಪನ್ಯಾಸ ಕೊಠಡಿಯ ಮಾರ್ದನಿ ಅಳೆಯಲು ಬಳಸಿದ್ದು ಪಕ್ಕದ ಥಿಯೇಟರಿನ ಸೀಟಿನ ಮೆತ್ತೆಗಳನ್ನೇ.