ಸ್ಟ್ರಾಂಗ್ ಹೈಬ್ರಿಡ್ಡೋ, ಮೈಲ್ಡ್ ಹೈಬ್ರಿಡ್ಡೋ: ತುಮಕೂರಿನ ರಸ್ತೆಯಲ್ಲಿ ಮೈಲೇಜ್ ಲೆಕ್ಕ

ಮಾರುತಿಯ ಗ್ರ್ಯಾಂಡ್ ವಿಟಾರಾ ನೋಡಲು ಶೋರೂಮಿಗೆ ಹೋದರೆ ಮೈಲೇಜಿನ ಎರಡು ಅಂಕಿ ಮುಂದಿಡುತ್ತಾರೆ. ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟಿನ ಮೋಟಾರೂ ಇರುವ ಕಾರೇ ಹೈಬ್ರಿಡ್; ಮೋಟಾರ್ ಒಂದೇ ಕಾರನ್ನು ಎಳೆಯಬಲ್ಲದಾದರೆ ಸ್ಟ್ರಾಂಗ್, ಎಂಜಿನ್‌ಗೆ ನೆರವಷ್ಟೇ ಆದರೆ ಮೈಲ್ಡ್. ಸ್ಟ್ರಾಂಗ್ ಹೈಬ್ರಿಡ್‌ಗೆ ಲೀಟರಿಗೆ 27.97 ಕಿ.ಮೀ., ಮೈಲ್ಡ್ ಹೈಬ್ರಿಡ್ ಮ್ಯಾನ್ಯುಯಲ್‌ಗೆ 21.11. ಟೊಯೋಟಾ ಹೈರೈಡರ್‌ನಲ್ಲಿರುವುದೂ ಇವೇ ಎಂಜಿನ್‌ಗಳು, ಮೈಲೇಜೂ ಹೆಚ್ಚುಕಡಿಮೆ ಇಷ್ಟೇ. ಹಾಗಾಗಿ ಮುಂದೆ ಬರೆದಿರುವುದು ಎರಡಕ್ಕೂ ಸಲ್ಲುತ್ತದೆ. ಲೀಟರಿಗೆ ಏಳು ಕಿ.ಮೀ. ಹೆಚ್ಚು ಸಿಗಲಿ ಅಂತ ಎರಡು ಲಕ್ಷ ಹೆಚ್ಚು ಕೊಡಬೇಕೇ ಎನ್ನುವುದು ಎಲ್ಲರ ಪ್ರಶ್ನೆ. ತುಮಕೂರಿನ ಸುತ್ತಮುತ್ತ ಎರಡನ್ನೂ ಓಡಿಸಿ ಅಳೆದರೆ ಕಾಣುವುದು ಇಷ್ಟು: ಆ ಏಳು ಕಿ.ಮೀ. ಅಂತರ ಎಲ್ಲೂ ಇಲ್ಲ. ಊರೊಳಗಿನ ಟ್ರಾಫಿಕ್ಕಿನಲ್ಲಿ ಅದಕ್ಕಿಂತ ಜಾಸ್ತಿ ಸಿಗುತ್ತದೆ, ಹೆದ್ದಾರಿಯಲ್ಲಿ ಅದರ ಅರ್ಧವೂ ಸಿಗುವುದಿಲ್ಲ.

ಕಂಪನಿ ಹೇಳುವ ಅಂಕಿ ರಸ್ತೆಯಲ್ಲಿ ಅಳೆದದ್ದಲ್ಲ. ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಕಾರು ನಿಲ್ಲಿಸಿ, ನಿಗದಿಯಾದ ವೇಗಪಟ್ಟಿಯಂತೆ ಸುಮಾರು ಇಪ್ಪತ್ತು ನಿಮಿಷ ಓಡಿಸಿ ಅಳೆಯುತ್ತಾರೆ. ಗರಿಷ್ಠ ವೇಗ 90 ಕಿ.ಮೀ., ಎ.ಸಿ. ಬಂದ್. ಎದುರುಗಾಳಿ ಇಲ್ಲ, ಹಂಪ್ ಇಲ್ಲ, ಹಿಂದಿನ ಸೀಟಿನಲ್ಲಿ ಮೂರು ಜನವೂ ಇಲ್ಲ. ಎರಡೂ ಕಾರು ಒಂದೇ ಪರೀಕ್ಷೆ ಬರೆದಿವೆ ನಿಜ, ಆದರೆ ಪ್ರಶ್ನೆಪತ್ರಿಕೆಯಲ್ಲಿ ಬಿ.ಎಚ್. ರಸ್ತೆಯೂ ಇರಲಿಲ್ಲ, ನೆಲಮಂಗಲದ ಹೆದ್ದಾರಿಯೂ ಇರಲಿಲ್ಲ.

ಹೆಸರಿನಲ್ಲಿ ಎರಡೂ ಹೈಬ್ರಿಡ್ಡೇ ಆದರೂ ಒಳಗಿನ ಯಂತ್ರ ಬೇರೆ. ಮೈಲ್ಡ್‌ನಲ್ಲಿ 1,462 ಸಿ.ಸಿ.ಯ ನಾಲ್ಕು ಸಿಲಿಂಡರ್ ಎಂಜಿನ್, 103 ಪಿ.ಎಸ್. (ಅಶ್ವಶಕ್ತಿ) ಶಕ್ತಿ. ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಜಾಗದಲ್ಲಿ ಬೆಲ್ಟಿನಿಂದ ತಿರುಗುವ ಚಿಕ್ಕ ಮೋಟಾರ್ ಮತ್ತು ಅದಕ್ಕೊಂದು ಪುಟ್ಟ ಲಿಥಿಯಂ ಬ್ಯಾಟರಿ. ಈ ಮೋಟಾರ್ ಎಂಜಿನ್ ಸ್ಟಾರ್ಟ್ ಮಾಡುತ್ತದೆ, ಪಿಕಪ್ಪಿಗೆ ಒಂಚೂರು ಕೈಜೋಡಿಸುತ್ತದೆ. ತಾನೇ ಕಾರನ್ನು ಎಳೆಯಲಾರದು. ಸ್ಟ್ರಾಂಗ್‌ನಲ್ಲಿ 1,490 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್, ಶಕ್ತಿ ಕೊಂಚ ಬಿಟ್ಟುಕೊಟ್ಟು ಪೆಟ್ರೋಲ್ ಉಳಿಸುವ ಅಟ್ಕಿನ್ಸನ್ ಪದ್ಧತಿಯದು, 92 ಪಿ.ಎಸ್. ಅದರ ಜೊತೆಗೆ 80 ಪಿ.ಎಸ್.ನ ಮೋಟಾರ್, 0.76 ಕಿಲೋವ್ಯಾಟ್-ಅವರ್‌ನ (ಕರೆಂಟ್ ಬಿಲ್ಲಿನ ಮುಕ್ಕಾಲು ಯೂನಿಟ್) ಲಿಥಿಯಂ ಬ್ಯಾಟರಿ. ಎಂಜಿನ್ ಪೂರ್ತಿ ನಿಂತಿದ್ದರೂ ಇದು ಬರೀ ಕರೆಂಟಿನಲ್ಲಿ ಹೊರಡುತ್ತದೆ. ಬ್ರೇಕ್ ಒತ್ತಿದಾಗ ಬಿಸಿಯಾಗಿ ಹೋಗಬೇಕಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಉಳಿತಾಯದ ದೊಡ್ಡ ಭಾಗ ಇಲ್ಲಿಂದಲೇ ಬರುವುದು. ಅಂದರೆ ಬ್ರೇಕ್ ಹಾಕದ ರಸ್ತೆಯಲ್ಲಿ ವಾಪಸ್ ಪಡೆಯಲು ಏನೂ ಇರುವುದಿಲ್ಲ.

ಅಳತೆಯ ಕ್ರಮ ಸರಿಯಿಲ್ಲದಿದ್ದರೆ ಮುಂದಿನ ಅಂಕಿಗಳಿಗೆ ಬೆಲೆಯಿಲ್ಲ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜನ್ನು ನೆಚ್ಚಬೇಡಿ, ಸಾಮಾನ್ಯವಾಗಿ ಅದು ಸ್ವಲ್ಪ ಉದಾರಿ. ಒಂದೇ ಬಂಕ್, ಸಾಧ್ಯವಾದರೆ ಒಂದೇ ಪಂಪ್. ನಳಿಕೆ ಮೊದಲ ಸಲ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ. ಬಂಕಿನ ಹುಡುಗ ‘ರೌಂಡ್ ಫಿಗರ್ ಮಾಡ್ಲಾ ಸಾರ್’ ಅಂದರೆ ಬೇಡ ಅನ್ನಿ. ಆ ಅರ್ಧ ಲೀಟರಿಗೇ ಲೆಕ್ಕ ಕೆಡುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಕನಿಷ್ಠ ಮುನ್ನೂರು ಕಿ.ಮೀ. ಓಡಿಸಿ, ಮತ್ತೆ ಅಲ್ಲೇ ತುಂಬಿಸಿ, ಓಡಿದ ಕಿ.ಮೀ.ಯನ್ನು ಹಿಡಿಸಿದ ಲೀಟರಿನಿಂದ ಭಾಗಿಸಿ. ಟೈರ್ ತಣ್ಣಗಿರುವ ಬೆಳಗಿನ ಹೊತ್ತು ಗಾಳಿ ನೋಡಿಸಿ, ಬಾಗಿಲ ಬದಿಯ ಚೀಟಿಯಲ್ಲಿರುವಷ್ಟೇ ಇರಲಿ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥನಾಲ್‌ನಲ್ಲಿ ಅಷ್ಟೇ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ, ಆದ್ದರಿಂದ ಇಂಧನದ ಶಕ್ತಿಯಲ್ಲೇ ಶೇ. 6–7ರಷ್ಟು ಇಳಿಕೆ ಇದೆ. ಈ ಕಡಿತ ಎರಡೂ ಕಾರಿಗೆ ಸಮ.

ಊರೊಳಗಿನ ಲೆಕ್ಕ ಮೊದಲು. ಬಟವಾಡಿಯಿಂದ ಬಿ.ಎಚ್. ರಸ್ತೆ ಹಿಡಿದು ಟೌನ್‌ಹಾಲ್ ಸರ್ಕಲ್, ಅಲ್ಲಿಂದ ಅಶೋಕ ರಸ್ತೆ, ಗುಬ್ಬಿ ಗೇಟ್. ಎ.ಸಿ. ಹಾಕಿಕೊಂಡು ಆಟೋ, ಬಸ್ಸುಗಳ ನಡುವೆ ಸಾಗಿದರೆ ಸ್ಟ್ರಾಂಗ್ ಲೀಟರಿಗೆ 22ರಿಂದ 24 ಕೊಡುತ್ತದೆ. ಮೈಲ್ಡ್ ಅದೇ ದಾರಿಯಲ್ಲಿ 12ರಿಂದ 14. ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ಸ್ಟ್ರಾಂಗ್‌ನಲ್ಲಿ ಎ.ಸಿ. ಕಂಪ್ರೆಸರ್ ಕರೆಂಟಿನದು, ಸಿಗ್ನಲ್ಲಿನಲ್ಲಿ ಎಂಜಿನ್ ನಿಂತರೂ ತಂಪು ನಿಲ್ಲುವುದಿಲ್ಲ. ಮೈಲ್ಡ್‌ನಲ್ಲಿ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿಗೆ ಕಟ್ಟಿದ್ದು. ಎಂಜಿನ್ ನಿಂತರೆ ಬರೀ ಗಾಳಿ ಬೀಸುತ್ತದೆ, ಒಳಗೆ ಬಿಸಿಯಾದ ತಕ್ಷಣ ಎಂಜಿನ್ ಮತ್ತೆ ಏಳುತ್ತದೆ. ಅದೂ ಅಲ್ಲದೆ ಆ ಕಾರಿನ ಎಂಜಿನ್ ತಾನಾಗಿ ನಿಲ್ಲಬೇಕಾದರೆ ಗೇರ್ ನ್ಯೂಟ್ರಲ್‌ಗೆ ತಂದು ಕ್ಲಚ್ಚಿನಿಂದ ಕಾಲು ತೆಗೆಯಬೇಕು. ಫಸ್ಟ್ ಗೇರ್ ಹಾಕಿ ಕ್ಲಚ್ ಒತ್ತಿಕೊಂಡೇ ಕಾಯುವುದು ನಮ್ಮ ಕಡೆ ಬಹುತೇಕರ ರೂಢಿ. ಹಾಗೆ ನಿಂತರೆ ಆ ಸೌಲಭ್ಯ ಇದ್ದೂ ಇಲ್ಲದಂತೆ.

ಆದರೆ ಊರು ಅಂದಮಾತ್ರಕ್ಕೆ ಸ್ಟ್ರಾಂಗ್ ಗೆದ್ದೇ ಗೆಲ್ಲುತ್ತದೆ ಅನ್ನುವಂತಿಲ್ಲ. ಬೆಳಗ್ಗೆ ತಣ್ಣಗಿರುವ ಕಾರು ತೆಗೆದು, ಎರಡು ಕಿ.ಮೀ. ದೂರದ ಶಾಲೆಗೆ ಮಕ್ಕಳನ್ನು ಬಿಟ್ಟು ಬಂದು ನಿಲ್ಲಿಸುವವರಿಗೆ ಇದೇ ಸ್ಟ್ರಾಂಗ್ 15–16 ಕೊಟ್ಟರೆ ಹೆಚ್ಚು. ಎಂಜಿನ್ ಮತ್ತು ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯೇರುವವರೆಗೆ ಎಂಜಿನ್ ಓಡಲೇಬೇಕು. ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ನಿಂತಲ್ಲೇ ಎ.ಸಿ. ಹಾಕಿಕೊಂಡು ಕಾಯುವಾಗಲೂ ಅಷ್ಟೆ, ಆ ಚಿಕ್ಕ ಬ್ಯಾಟರಿ ಸ್ವಲ್ಪ ಹೊತ್ತಿಗೆ ಇಳಿದು, ಚಾರ್ಜ್ ಮಾಡಲೆಂದೇ ಎಂಜಿನ್ ಏಳುತ್ತದೆ. ಆ ಕರೆಂಟು ಪುಕ್ಕಟೆಯದಲ್ಲ, ಪೆಟ್ರೋಲಿನದೇ.

ಇನ್ನು ಹೆದ್ದಾರಿ. ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿ, ದಾಬಸ್‌ಪೇಟೆ, ನೆಲಮಂಗಲ. 80ರಲ್ಲಿ ನೇರ ಹಿಡಿದು ಹೋದರೆ ಸ್ಟ್ರಾಂಗ್ 23ರ ಆಸುಪಾಸು, ಮೈಲ್ಡ್ 20. ನೂರಕ್ಕೇರಿಸಿದರೆ 19 ಮತ್ತು 16.5. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟಿಗೂ ಮೇಲೆ. ಬ್ಯಾಟರಿ ಇದಕ್ಕೆ ಏನೂ ಮಾಡಲಾರದು. ನೂರರಲ್ಲಿ ಸ್ಟ್ರಾಂಗ್‌ನ ಎಂಜಿನ್ ಬಹುಪಾಲು ಓಡುತ್ತಲೇ ಇರುತ್ತದೆ, ಅಲ್ಲಿ ಉಳಿಯುವ ಮೇಲುಗೈ ಅಟ್ಕಿನ್ಸನ್ ಎಂಜಿನ್ನಿನ ಮಿತವ್ಯಯ ಮಾತ್ರ. ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ತುಳಿದರೆ ಮೂರು ಸಿಲಿಂಡರಿನ ಸದ್ದು ಚೆನ್ನಾಗಿಯೇ ಕೇಳಿಸುತ್ತದೆ. 80ರಲ್ಲಿ ಓಡಿಸಿದ ಮೈಲ್ಡ್, ನೂರರಲ್ಲಿ ಓಡಿಸಿದ ಸ್ಟ್ರಾಂಗನ್ನೇ ಹಿಂದಿಕ್ಕುತ್ತದೆ ಎನ್ನುವುದನ್ನು ಗಮನಿಸಿ. ಎರಡು ಲಕ್ಷ ಕೊಟ್ಟು ಕೊಳ್ಳುವುದನ್ನು ಬಲಗಾಲು ಬಿಟ್ಟಿಯಾಗಿ ಕೊಡುತ್ತದೆ.

ದೇವರಾಯನದುರ್ಗದ ಘಾಟಿ ಬೇರೆಯೇ ಪಾಠ. ಇಳಿಜಾರಿನಲ್ಲೆಲ್ಲ ಬ್ಯಾಟರಿ ತುಂಬಿ, ಆಮೇಲೆ ಊರವರೆಗೂ ಪುಕ್ಕಟೆ ಬರಬಹುದು ಎಂದು ನಂಬುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಕಾರು, ಇಬ್ಬರು ಸೇರಿ 1,400 ಕೆ.ಜಿ., ಇಳಿಯುವ ಎತ್ತರ 300 ಮೀಟರ್ ಎಂದರೆ ಸಿಗಬಹುದಾದ ಶಕ್ತಿ 1.1 ಕಿಲೋವ್ಯಾಟ್-ಅವರ್‌ಗೂ ಮೇಲೆ. ಬ್ಯಾಟರಿಯ ಪೂರ್ತಿ ಗಾತ್ರವೇ 0.76, ಅದರಲ್ಲೂ ಬಾಳಿಕೆಗಾಗಿ ನಡುವಿನ ಒಂದು ಭಾಗವನ್ನಷ್ಟೇ ಬಳಸುತ್ತದೆ. ಟೈರ್ ಮತ್ತು ಗಾಳಿಗೆ ಹೋಗುವುದನ್ನು ಕಳೆದರೂ ಅರ್ಧ ಘಾಟಿಯಲ್ಲೇ ಬ್ಯಾಟರಿ ತುಂಬಿಬಿಡುತ್ತದೆ. ಆಗ ಎಂಜಿನ್ ಜೋರಾಗಿ ತಿರುಗುವ ಸದ್ದು ಕೇಳಿ ಗಾಬರಿಯಾಗಬೇಡಿ, ಅದು ಪೆಟ್ರೋಲ್ ಕುಡಿಯದೆ ಬರೀ ತಡೆಯಾಗಿ ತಿರುಗುತ್ತಿರುತ್ತದೆ. ಇಳಿಯುವಾಗ ಗೇರನ್ನು ‘ಬಿ’ಗೆ, ಅಂದರೆ ಎಂಜಿನ್ನಿನ ತಡೆಯನ್ನೇ ಬ್ರೇಕಾಗಿ ಬಳಸುವ ಸ್ಥಾನಕ್ಕೆ, ತಂದರೆ ಬ್ರೇಕ್ ಬಿಸಿಯಾಗುವುದು ತಪ್ಪುತ್ತದೆ. ನಂದಿಬೆಟ್ಟಕ್ಕೆ ಹೋಗುವವರಿಗೂ ಇದೇ ಮಾತು; ಅಲ್ಲಿ ಎತ್ತರ ಇನ್ನೂ ಹೆಚ್ಚು.

ಈಗ ದುಡ್ಡು. ಲೀಟರಿಗೆ ಎಷ್ಟು ಕಿ.ಮೀ. ಎಂದು ನೋಡುವುದು ಬಿಟ್ಟು ನೂರು ಕಿ.ಮೀ.ಗೆ ಎಷ್ಟು ಲೀಟರ್ ಎಂದು ನೋಡಿ. ಊರಲ್ಲಿ 23 ಮತ್ತು 13 ಎಂದಿಟ್ಟುಕೊಂಡರೆ ನೂರು ಕಿ.ಮೀ.ಗೆ 4.35 ಮತ್ತು 7.69 ಲೀಟರ್. ಉಳಿತಾಯ 3.3 ಲೀಟರ್, ಲೀಟರಿಗೆ 103 ರೂ. ಲೆಕ್ಕದಲ್ಲಿ ಸುಮಾರು 345 ರೂ. ನೂರರ ವೇಗದ ಹೆದ್ದಾರಿಯಲ್ಲಿ 5.26 ಮತ್ತು 6.06 ಲೀಟರ್, ಉಳಿತಾಯ ಬರೀ 82 ರೂ.

ಕೊಡಬೇಕಾದ ಹೆಚ್ಚುವರಿ ಎಕ್ಸ್-ಶೋರೂಮಿನಲ್ಲಿ 2 ಲಕ್ಷ ಎಂದಿಟ್ಟುಕೊಳ್ಳಿ, ಆರಿಸುವ ಮಾದರಿಯಂತೆ ಸ್ವಲ್ಪ ಆಚೀಚೆ ಆಗುತ್ತದೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ರಸ್ತೆ ತೆರಿಗೆ ಶೇ. 17, ಅದರ ಮೇಲೆ ಸೆಸ್. ತೆರಿಗೆ ಬೆಲೆಯ ಮೇಲೆ ಬೀಳುವುದರಿಂದ ಆ 2 ಲಕ್ಷ ರಸ್ತೆಗಿಳಿಯುವಷ್ಟರಲ್ಲಿ 2.4 ಲಕ್ಷದ ಹತ್ತಿರ. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. ಅಲ್ಲಿನ ಯೂಟ್ಯೂಬ್ ಲೆಕ್ಕವನ್ನು ಇಲ್ಲಿಗೆ ತರಬೇಡಿ. ಜಿ.ಎಸ್.ಟಿ.ಯಲ್ಲೂ ರಿಯಾಯಿತಿ ಇಲ್ಲ, 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮೀರಿದ ಈ ಎರಡಕ್ಕೂ ಶೇ. 40.

ಹಾಗಾದರೆ ಬರೀ ಊರ ಟ್ರಾಫಿಕ್ಕಿನಲ್ಲಿ ಓಡಿಸಿದರೆ ಹೆಚ್ಚುವರಿ ಹಣ ಹುಟ್ಟುವುದು ಸುಮಾರು 70 ಸಾವಿರ ಕಿ.ಮೀ.ಗೆ. ಬರೀ ಹೆದ್ದಾರಿಯಾದರೆ 2.9 ಲಕ್ಷ ಕಿ.ಮೀ.ಗೆ, ಅಂದರೆ ಹುಟ್ಟುವುದಿಲ್ಲ ಎಂದೇ ಹೇಳಬೇಕು. ತುಮಕೂರಿನಿಂದ ಬೆಂಗಳೂರಿಗೆ ದಿನಾ ಹೋಗಿಬರುವವರದು ನಡುವಿನ ಲೆಕ್ಕ. 70 ಕಿ.ಮೀ.ಯಲ್ಲಿ 50 ಹೆದ್ದಾರಿ, ಉಳಿದ 20 ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರದ ಜಾತ್ರೆ. ಉಳಿತಾಯದ ಹೆಚ್ಚಿನ ಪಾಲು ಹುಟ್ಟುವುದು ಆ 20ರಲ್ಲೇ. ಒಂದು ಕಡೆಗೆ 110 ರೂ., ವರ್ಷಕ್ಕೆ 250 ದಿನ ಓಡಾಡಿದರೆ 55 ಸಾವಿರ. ನಾಲ್ಕೂವರೆ ವರ್ಷ, ಒಂದೂವರೆ ಲಕ್ಷ ಕಿ.ಮೀ. ಮುಗಿಯುವ ಹೊತ್ತಿಗೆ ಹಣ ವಾಪಸ್. ಟೊಯೋಟಾ ಹೈಬ್ರಿಡ್ ಬ್ಯಾಟರಿಗೆ ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಹಣ ಹುಟ್ಟುವುದೂ ವಾರಂಟಿ ಮುಗಿಯುವುದೂ ಹತ್ತಿರ ಹತ್ತಿರ ಬಂದುಬಿಡುತ್ತವೆ. ನೀವು ಹೇಗೂ ಆಟೋಮ್ಯಾಟಿಕ್ಕೇ ಕೊಳ್ಳುವವರಾದರೆ ಚಿತ್ರ ಬದಲಾಗುತ್ತದೆ. ಮೈಲ್ಡ್‌ನ 6 ಸ್ಪೀಡ್ ಆಟೋಮ್ಯಾಟಿಕ್‌ಗೇ ಲಕ್ಷಕ್ಕೂ ಮೇಲೆ ಹೆಚ್ಚು ಕೊಡಬೇಕು, ಮೈಲೇಜೂ ಮ್ಯಾನ್ಯುಯಲ್‌ಗಿಂತ ಕಡಿಮೆ. ಅದರ ಎದುರು ಸ್ಟ್ರಾಂಗೇ ಸರಿ, ಎರಡು ಮಾತಿಲ್ಲ.

ಕೊಂಡ ಮೇಲೆ ಕೈಕೊಡುವುದು ಸಾಮಾನ್ಯವಾಗಿ ದೊಡ್ಡ ಬ್ಯಾಟರಿಯಲ್ಲ, ಎಲ್ಲ ಕಾರಿನಲ್ಲೂ ಇರುವ 12 ವೋಲ್ಟಿನದು. ವಾರಗಟ್ಟಲೆ ನಿಲ್ಲಿಸಿದರೆ ಅದು ಇಳಿಯುತ್ತದೆ. ದೊಡ್ಡ ಬ್ಯಾಟರಿಯಲ್ಲಿ ಚಾರ್ಜ್ ಇದ್ದರೂ ಕಾರು ‘ರೆಡಿ’ ಆಗುವುದಿಲ್ಲ, ಅಂದರೆ ಹೊರಡಲು ಸಿದ್ಧವಾಗುವುದಿಲ್ಲ. ಮ್ಯಾನ್ಯುಯಲ್ ಮೈಲ್ಡನ್ನಾದರೆ ಪರವಾಗಿಲ್ಲ, ಸ್ಟ್ರಾಂಗನ್ನು ತಳ್ಳಿ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಊರಿಗೆ ಹೋಗುವಾಗ ಯಾರಿಗಾದರೂ ಕೀ ಕೊಟ್ಟು, ವಾರಕ್ಕೊಮ್ಮೆ ಅರ್ಧ ಗಂಟೆ ‘ರೆಡಿ’ಯಲ್ಲಿಡಲು ಹೇಳಿ. ಕಿತ್ತಳೆ ಬಣ್ಣದ ವೈರಿರುವ ಕಡೆ ಬೀದಿ ಬದಿಯ ಎಲೆಕ್ಟ್ರಿಷಿಯನ್ ಕೈ ಹಾಕಬಾರದು, ಆ ಬ್ಯಾಟರಿ 177 ವೋಲ್ಟಿನದು. ಬ್ರೇಕ್ ಪ್ಯಾಡ್ ಮಾತ್ರ ಸ್ಟ್ರಾಂಗ್‌ನಲ್ಲಿ ನಿಧಾನ ಸವೆಯುತ್ತದೆ.

ತಿಪಟೂರು, ಗುಬ್ಬಿ ಕಡೆ ತೋಟವಿದ್ದು ಕಾಯಿ ಮೂಟೆ ತರುವವರು ಡಿಕ್ಕಿ ತೆಗೆಸಿ ನೋಡಿಯೇ ನಿರ್ಧರಿಸಿ. ಮೈಲ್ಡ್‌ನಲ್ಲಿ 373 ಲೀಟರ್ ಜಾಗ, ಸ್ಟ್ರಾಂಗ್‌ನಲ್ಲಿ ಬ್ಯಾಟರಿ ತಿಂದು ಉಳಿದದ್ದು 265. ಬ್ಯಾಟರಿಗೆ ತಂಪು ಗಾಳಿ ಎಳೆಯುವ ಜಾಲರಿ ಎಲ್ಲಿದೆ ಎಂದು ಕೈಪಿಡಿಯಲ್ಲಿ ನೋಡಿಕೊಂಡು, ಅದಕ್ಕೆ ಮೂಟೆ ಒರಗಿಸಬೇಡಿ. ತೆಂಗಿನ ನಾರು, ಧೂಳು ಕಟ್ಟಿದರೆ ಬ್ಯಾಟರಿ ಬಿಸಿಯಾಗಿ ಮೋಟಾರಿನ ನೆರವು ತಗ್ಗುತ್ತದೆ, ಮೈಲೇಜೂ ಜೊತೆಗೇ ಇಳಿಯುತ್ತದೆ. ಪ್ರತಿ ಸರ್ವೀಸಿನಲ್ಲೂ ಅದನ್ನು ಶುಚಿ ಮಾಡಿಸಿ.