ಹಳೇ ಲ್ಯಾಪ್‌ಟಾಪಿಗೆ ಮೂರು ದಾರಿ: ವಿಂಡೋಸ್ 10, ಕ್ರೋಮ್ ಓಎಸ್ ಫ್ಲೆಕ್ಸ್, ಲಿನಕ್ಸ್ ಮಿಂಟ್

ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿರುವುದು ಇಂಟೆಲ್ ಐದನೇ ತಲೆಮಾರಿನ ಐ3 ಪ್ರೊಸೆಸರ್. ಕೀಲಿಮಣೆ ಗಟ್ಟಿಯಾಗಿದೆ, ಪರದೆ ಚೆನ್ನಾಗಿದೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದೇವೆ, ರ‍್ಯಾಮನ್ನು 8 ಜಿಬಿಗೆ ಏರಿಸಿದ್ದೇವೆ. ಆದರೂ ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಇದು ವಿಂಡೋಸ್ 11ಕ್ಕೆ ಅರ್ಹವಲ್ಲ. ಅದಕ್ಕೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆಯೂ ಬೇಕು. ಇತ್ತ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ. ಹಾಗಾಗಿ ಇದೇ ಯಂತ್ರದಲ್ಲಿ ಮೂರು ದಾರಿಗಳನ್ನೂ ಪ್ರಯತ್ನಿಸಿದೆ. ಒಂದು, ವಿಂಡೋಸ್ 10ನ್ನೇ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ನೊಂದಿಗೆ ಮುಂದುವರಿಸುವುದು. ಎರಡು, ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್. ಮೂರು, ಲಿನಕ್ಸ್ ಮಿಂಟ್. ಕೊನೆಯ ಎರಡೂ ವಿಂಡೋಸ್ ಬದಲು ಹಾಕಬಹುದಾದ ಬೇರೆ ಕಾರ್ಯಾಚರಣಾ ವ್ಯವಸ್ಥೆಗಳು (ಓಎಸ್).

ನಮ್ಮ ಮನೆಯ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕಿನ ವೆಬ್‌ಸೈಟು, ಸರ್ಕಾರಿ ಅರ್ಜಿಗಳು, ವಿಡಿಯೊ ಕರೆ, ಸುದ್ದಿ ಓದುವುದು, ಪ್ರಿಂಟ್ ತೆಗೆಯುವುದು. ಎಲ್ಲಕ್ಕಿಂತ ಜಾಸ್ತಿ ಕನ್ನಡ ಟೈಪಿಂಗ್. ಅಪ್ಪ ವರ್ಷಗಟ್ಟಲೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಬರೆದಿಟ್ಟ ಕಡತಗಳಿವೆ. ಅವು ಕೈತಪ್ಪಬಾರದು.

ಅಪ್‌ಡೇಟ್ ಇಲ್ಲದಿದ್ದರೆ ಏನಾಗುತ್ತದೆ?

"ಇಷ್ಟು ದಿನ ಏನೂ ಆಗಿಲ್ಲ, ಮುಂದೆಯೂ ಆಗಲ್ಲ ಬಿಡು" ಅನ್ನುವವರು ತುಂಬಾ ಜನ. ಅವರಿಗೆ ನಾನು ಹೇಳುವುದು 2017ರ ವಾನಾಕ್ರೈ ಕಥೆ. ವಿಂಡೋಸ್‌ನಲ್ಲಿದ್ದ ಒಂದು ದೋಷ ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿಗೆ ಗೊತ್ತಿತ್ತು. ಅದನ್ನು ಬಳಸಿ ಬೇರೆ ಕಂಪ್ಯೂಟರಿನೊಳಗೆ ನುಗ್ಗುವ ಸಾಧನವನ್ನೂ ಅವರು ಮಾಡಿಕೊಂಡಿದ್ದರು. ಆ ಸಾಧನ ಹೊರಗೆ ಸೋರಿತು. ಅದನ್ನೇ ಹಿಡಿದು ಯಾರೋ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶ ಮಾಡಿದರು. ಮೇ 12ರಂದು ಅದು ಹರಡಲು ಶುರುವಾಗಿ ನೂರೈವತ್ತು ದೇಶಗಳನ್ನು ಮುಟ್ಟಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಇತ್ತ ಕೇರಳದ ಕೆಲವು ಪಂಚಾಯಿತಿ ಕಚೇರಿಗಳಿಗೂ ಆಂಧ್ರ ಪೊಲೀಸರ ಕೆಲವು ಕಂಪ್ಯೂಟರುಗಳಿಗೂ ಅದರ ಬಿಸಿ ತಟ್ಟಿತು. ಇದರ ಹಿಂದೆ ಉತ್ತರ ಕೊರಿಯಾ ಇದೆ ಎಂದು ಅದೇ ವರ್ಷದ ಕೊನೆಗೆ ಅಮೆರಿಕ ಮತ್ತು ಬ್ರಿಟನ್ ಹೇಳಿದವು.

ಇದರಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಒಂದು ವಿಷಯ. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಕೊಟ್ಟಿತ್ತು. ಹಾಕಿಕೊಂಡವರು ಬಚಾವಾದರು. ಪ್ಯಾಚ್ ಬಿಡುಗಡೆಯಾಗುವುದು ಅಂದರೆ ಬೀಗದಲ್ಲಿ ಇಂಥ ಕಡೆ ಸಡಿಲ ಇದೆ ಅಂತ ಊರಿಗೆಲ್ಲ ಸಾರಿದ ಹಾಗೆ. ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್ 11ಕ್ಕೆ ಪ್ಯಾಚ್ ಬರುತ್ತದೆ. ಅದನ್ನು ಬಿಡಿಸಿ ನೋಡಿದವನಿಗೆ ದೋಷ ಎಲ್ಲಿದೆ ಅಂತ ಗೊತ್ತಾಗುತ್ತದೆ. ಅದೇ ದೋಷ ವಿಂಡೋಸ್ 10ರಲ್ಲೂ ಇದ್ದು ಅಲ್ಲಿ ರಿಪೇರಿಯೇ ಆಗದಿದ್ದರೆ? ಹಾಗಾಗಿ ಅಪ್‌ಡೇಟ್ ನಿಂತ ವಿಂಡೋಸ್ 10ರಲ್ಲಿ ಬ್ಯಾಂಕ್ ಕೆಲಸ ಮಾಡುವ ದಾರಿಯನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ.

ವಿಂಡೋಸ್ 10, ಇನ್ನೊಂದು ವರ್ಷ

ಮನೆಬಳಕೆಯ ಕಂಪ್ಯೂಟರುಗಳಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಒಂದು ಯೋಜನೆ ಇಟ್ಟಿದೆ. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್‌ಗಳನ್ನು ಅವರ ಕ್ಲೌಡ್‌ಗೆ ಬ್ಯಾಕಪ್ ಮಾಡಲು ಒಪ್ಪಿದರೆ ಉಚಿತ. ಒಪ್ಪದಿದ್ದರೆ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್. ಒಂದೇ ಖಾತೆಯಲ್ಲಿ ಹತ್ತು ಯಂತ್ರಗಳವರೆಗೆ ಸೇರಿಸಬಹುದು.

ಸೇರಿಕೊಳ್ಳುವುದು ಸುಲಭ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಕಾಣಿಸಿತು. ಆಮೇಲೆ ಎಲ್ಲವೂ ಮೊದಲಿನಂತೆಯೇ. ನುಡಿ ಓಡುತ್ತದೆ, ಪ್ರಿಂಟರ್ ಓಡುತ್ತದೆ, ಅಪ್ಪ ಹೊಸದೇನೂ ಕಲಿಯಬೇಕಿಲ್ಲ. ಇದನ್ನು ಸಣ್ಣ ಲಾಭ ಅಂತ ನಾನು ತಿಳಿಯುವುದಿಲ್ಲ. ವಯಸ್ಸಾದವರ ಕೈಗೆ ಅಭ್ಯಾಸವಾದದ್ದನ್ನು ಸುಮ್ನೆ ಬದಲಾಯಿಸಬಾರದು. ಆದರೆ ಈ ದಾರಿಗೆ ಕೊನೆಯ ದಿನಾಂಕ ಇದೆ. ಆ ದಿನ ಬಂದಾಗ ಇದೇ ಪ್ರಶ್ನೆ ಮತ್ತೆ ಎದುರು ನಿಲ್ಲುತ್ತದೆ. ಹೊಸ ಸೌಲಭ್ಯಗಳೂ ಬರುವುದಿಲ್ಲ, ಬರುವುದು ಭದ್ರತಾ ಪ್ಯಾಚ್ ಮಾತ್ರ.

ಕ್ರೋಮ್ ಓಎಸ್ ಫ್ಲೆಕ್ಸ್

ನೆವರ್‌ವೇರ್ ಎಂಬ ಕಂಪನಿಯನ್ನು 2020ರಲ್ಲಿ ಕೊಂಡುಕೊಂಡ ಗೂಗಲ್, ಅದರ ಕೆಲಸವನ್ನೇ ಬೆಳೆಸಿ 2022ರಲ್ಲಿ ಫ್ಲೆಕ್ಸ್ ಬಿಡುಗಡೆ ಮಾಡಿತು. 4 ಜಿಬಿ ರ‍್ಯಾಮ್ ಸಾಕು. ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ ನೋಡಬಹುದು. ಬೇಗ ಶುರುವಾಗುತ್ತದೆ, ಫ್ಯಾನ್ ಸದ್ದೇ ಇಲ್ಲ. ಅಪ್‌ಡೇಟ್ ಹಿನ್ನೆಲೆಯಲ್ಲಿ ತಾನೇ ಬಂದು ಕೂರುತ್ತದೆ. ವಿಂಡೋಸ್ ವೈರಸ್ ಇದರಲ್ಲಿ ಓಡುವುದೇ ಇಲ್ಲ. ಬ್ರೌಸರ್ ಬಿಟ್ಟು ಬೇರೇನೂ ಬೇಡದವರಿಗೆ ಇದು ಹೇಳಿ ಮಾಡಿಸಿದ್ದು.

ನಮಗೆ ಬೇರೆಯದೂ ಬೇಕಿತ್ತು. ಕ್ರೋಮ್‌ಬುಕ್‌ನಲ್ಲಿರುವ ಪ್ಲೇ ಸ್ಟೋರ್ ಫ್ಲೆಕ್ಸ್‌ನಲ್ಲಿಲ್ಲ, ಹಾಗಾಗಿ ಆಂಡ್ರಾಯ್ಡ್ ಆ್ಯಪ್ ಹಾಕಲು ಬರುವುದಿಲ್ಲ. ನಮ್ಮ ಪ್ರಿಂಟರಿನ ಕಂಪನಿ ಕ್ರೋಮ್ ಓಎಸ್‌ಗೆ ಡ್ರೈವರ್ ಕೊಟ್ಟಿಲ್ಲ. ಕನ್ನಡಕ್ಕೆ ಫೊನೆಟಿಕ್ ಕೀಲಿಮಣೆ ಇದೆ, ಆದರೆ ನುಡಿ ಬಳಸಿ ಅಪ್ಪನ ಬೆರಳಿಗೆ ಒಗ್ಗಿದ ಕಗಪ ಎಂಬ ಕೀಲಿ ವಿನ್ಯಾಸ ಪಟ್ಟಿಯಲ್ಲಿ ಕಾಣಲಿಲ್ಲ. ಗೂಗಲ್ ಪರೀಕ್ಷಿಸಿ ಒಪ್ಪಿದ ಮಾದರಿಗಳ ಪಟ್ಟಿಯೊಂದಿದೆ. ಅದರಲ್ಲಿ ಪ್ರತಿ ಮಾದರಿಗೂ ಬೆಂಬಲ ಮುಗಿಯುವ ವರ್ಷ ಬರೆದಿದೆ. ಹಾಕುವ ಮೊದಲು ಅದನ್ನು ನೋಡಿಕೊಳ್ಳಿ. ಹಾಗೇ, ವಿಂಡೋಸ್ ಜೊತೆ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಲು ಇದರಲ್ಲಿ ಅವಕಾಶವಿಲ್ಲ. ಇನ್‌ಸ್ಟಾಲ್ ಮಾಡಿದರೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ಲಿನಕ್ಸ್ ಮಿಂಟ್

ನಾನು ಹೆಚ್ಚು ಕಾಲ ಕಳೆದದ್ದು ಇದರ ಜೊತೆ. ಈಗಲೂ ಆ ಯಂತ್ರದಲ್ಲಿರುವುದು ಇದೇ. ಮಿಂಟ್ 22 ಬಂದದ್ದು 2024ರ ಜುಲೈಯಲ್ಲಿ, ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು. 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ದುಡ್ಡು ಕೊಡಬೇಕಿಲ್ಲ, ಯಾವ ಖಾತೆಯನ್ನೂ ತೆರೆಯಬೇಕಿಲ್ಲ. ಸಿನ್ನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಸಿಗುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಕೊನೆಯದನ್ನು ಹಾಕಿ, 8 ಇದ್ದರೆ ಸಿನ್ನಮನ್ ಆರಾಮಾಗಿ ಓಡುತ್ತದೆ. ನೋಡಲು ಹಳೇ ವಿಂಡೋಸ್ ಥರವೇ ಇದೆ. ಕೆಳಗೆ ಪಟ್ಟಿ, ಎಡಗಡೆ ಮೂಲೆಯಲ್ಲಿ ಮೆನು.

ಕನ್ನಡದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಲಿನಕ್ಸ್‌ನಲ್ಲಿ ಕನ್ನಡ ಬರುವುದಿಲ್ಲ ಎಂಬ ತಪ್ಪು ತಿಳಿವಳಿಕೆ ಈಗಲೂ ಇದೆ. ಕೀಲಿಮಣೆ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಹುಡುಕಿದರೆ ಇನ್‌ಸ್ಕ್ರಿಪ್ಟ್ ಜೊತೆಗೆ ಕಗಪ ಕೂಡ ಸಿಗುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬಳಸುವ ಅದೇ ವಿನ್ಯಾಸ. ಅಪ್ಪ ಕುಳಿತು ಟೈಪ್ ಮಾಡಿದರು, ಬೆರಳು ತಡವರಿಸಲಿಲ್ಲ. ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಮೂಡಿದವು. ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕನ್ನಡ ಪಡೆಯುವವರಿಗೆ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಐಟ್ರಾನ್ಸ್ ವಿಧಾನವೂ ಇದೆ. ಫಾಂಟುಗಳಲ್ಲಿ ನೋಟೊ ಇದೆ, ಲೋಹಿತ್ ಇದೆ. ನನಗೆ ಇಷ್ಟವಾದದ್ದು ಗುಬ್ಬಿ ಮತ್ತು ನವಿಲು. ಈ ಎರಡೂ ಕನ್ನಡಕ್ಕೆಂದೇ ಮಾಡಿದ ಮುಕ್ತ ಫಾಂಟುಗಳು. ಉಬುಂಟುವಿನ ಭಂಡಾರದಿಂದ ನೇರವಾಗಿ ಇನ್‌ಸ್ಟಾಲ್ ಮಾಡಬಹುದು. ನಮ್ಮ ಭಾಷೆಯ ಅಕ್ಷರಗಳು ಜಗತ್ತಿನ ಯಾವ ಮೂಲೆಯ ಲಿನಕ್ಸ್ ಯಂತ್ರಕ್ಕೂ ಹೀಗೆ ಸುಲಭವಾಗಿ ತಲುಪುತ್ತವೆ ಅನ್ನುವುದು ನನಗೆ ನಿಜಕ್ಕೂ ಹೆಮ್ಮೆಯ ಸಂಗತಿ.

ಹಳೇ ನುಡಿ ಕಡತಗಳ ಕಥೆ ಬೇರೆ. ಯೂನಿಕೋಡ್‌ಗೆ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ವ್ಯವಸ್ಥೆ) ಮೊದಲು ಬರೆದ ಕಡತಗಳು ಒಂದು ಫಾಂಟಿಗೆ ಅಂಟಿಕೊಂಡಿರುತ್ತವೆ. ಆ ಫಾಂಟ್ ಇಲ್ಲದಿದ್ದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ನುಡಿ ಫಾಂಟುಗಳನ್ನು ಮಿಂಟ್‌ಗೆ ಹಾಕಿದ ಮೇಲೆ ಲಿಬ್ರೆ ಆಫೀಸ್‌ನಲ್ಲಿ ಅವನ್ನು ಓದಲು ಆಯಿತು. ಆದರೆ ಕನ್ನಡ ಪದ ಹುಡುಕಲು ಆಗದು, ಇಮೇಲ್‌ಗೆ ಅಂಟಿಸಲು ಆಗದು. ಇದಕ್ಕೆ ಸರಿಯಾದ ಉಪಾಯ ಒಂದೇ. ವಿಂಡೋಸ್ ಇನ್ನೂ ಕೈಯಲ್ಲಿರುವಾಗಲೇ ಪರಿವರ್ತಕ ಬಳಸಿ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿ. ಮಿಂಟ್ ಹಾಕದಿದ್ದರೂ ಇದನ್ನು ಮಾಡಿ. ಮನೆಮನೆಯ ಡಿಸ್ಕುಗಳಲ್ಲಿ ಎಷ್ಟು ಕನ್ನಡ ಹೀಗೆ ಸಿಕ್ಕಿಬಿದ್ದಿದೆಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಪ್ರಿಂಟರ್ ಇಲ್ಲಿ ತಾನಾಗಿಯೇ ಸೇರಿಕೊಂಡಿತು. ಬ್ಯಾಂಕ್ ವೆಬ್‌ಸೈಟು, ವಿಡಿಯೊ ಕರೆ ಎರಡೂ ಫೈರ್‌ಫಾಕ್ಸ್‌ನಲ್ಲಿ ಸರಿ. ಅಪ್‌ಡೇಟ್ ಯಾವಾಗ ಹಾಕಬೇಕು ಅಂತ ನಾವೇ ತೀರ್ಮಾನಿಸಬಹುದು. ಇನ್‌ಸ್ಟಾಲ್ ಮಾಡುವಾಗಲೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಕೇಳುತ್ತದೆ. ಲ್ಯಾಪ್‌ಟಾಪ್ ಕಳುವಾದರೂ ಒಳಗಿನದು ಬೇರೆಯವರ ಕೈಗೆ ಸಿಗದು.

ಮಿಂಟ್‌ಗೂ ಒಂದು ಕಹಿ ಅಧ್ಯಾಯ ಇದೆ. 2016ರ ಫೆಬ್ರುವರಿಯಲ್ಲಿ ಅವರ ವೆಬ್‌ಸೈಟಿಗೇ ಕಳ್ಳರು ನುಗ್ಗಿ, ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲಿರುವ ನಕಲಿ ಪ್ರತಿಗೆ ತಿರುಗಿಸಿಬಿಟ್ಟಿದ್ದರು. ತಂಡ ಅದನ್ನು ಮುಚ್ಚಿಡದೆ ಬೇಗ ಹೇಳಿತು. ಅಂದಿನಿಂದ ನಾನು ಯಾರಿಗೇ ಹೇಳಿದರೂ ಇದನ್ನು ಸೇರಿಸಿಯೇ ಹೇಳುತ್ತೇನೆ: ಐಎಸ್‌ಒ ಕಡತ (ಇನ್‌ಸ್ಟಾಲ್ ಮಾಡುವ ಪ್ರತಿ) ಇಳಿಸಿಕೊಂಡ ಮೇಲೆ ಅದು ಅಸಲಿಯೇ ಎಂದು ತಿಳಿಯಲು ಅದರ ಚೆಕ್‌ಸಮ್ (ಕಡತದ ಗುರುತಿನ ಸಂಖ್ಯೆ) ಮತ್ತು ಡಿಜಿಟಲ್ ಸಹಿ ಎರಡನ್ನೂ ತಾಳೆ ನೋಡಿ. ಹೇಗೆ ಅಂತ ಅವರ ಪುಟದಲ್ಲೇ ಬರೆದಿದೆ.

ಇನ್ನು ಟ್ಯಾಲಿ. ಅದು ವಿಂಡೋಸ್‌ಗೆ ಮಾಡಿದ್ದು. ಅಂಗಡಿ ಲೆಕ್ಕ ಅದರಲ್ಲೇ ಇದ್ದರೆ ಮಿಂಟ್ ಮಾತು ಸದ್ಯಕ್ಕೆ ಬಿಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರೂ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಕೀಲಿ ಯಾರ ಕೈಲಿದೆ?

ಮೂರರಲ್ಲಿ ಮಿಂಟ್ ಆರಿಸಿಕೊಳ್ಳಲು ನನಗೆ ವೇಗಕ್ಕಿಂತ ದೊಡ್ಡ ಕಾರಣ ಒಂದಿದೆ, ಅದು ಜಗತ್ತಿನ ರಾಜಕೀಯ. 2025ರ ಜುಲೈ 18ರಂದು ಐರೋಪ್ಯ ಒಕ್ಕೂಟ ರಷ್ಯಾ ವಿರುದ್ಧದ ನಿರ್ಬಂಧಗಳ ಪಟ್ಟಿಗೆ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿಯನ್ನೂ ಸೇರಿಸಿತು. ಅದರಲ್ಲಿ ರಷ್ಯಾದ ರೋಸ್‌ನೆಫ್ಟ್‌ಗೆ ಶೇ. 49.13 ಪಾಲಿದೆ. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಸೇವೆಗಳು ನಿಂತವು ಎಂದು ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ತಿಂಗಳ ಕೊನೆಗೆ ಸೇವೆ ವಾಪಸ್ ಬಂತು. ನೋಡಿ, ತೀರ್ಮಾನ ಆದದ್ದು ಬ್ರಸೆಲ್ಸ್‌ನಲ್ಲಿ, ಸಾಫ್ಟ್‌ವೇರ್ ಅಮೆರಿಕದ್ದು, ಇಮೇಲ್ ನಿಂತದ್ದು ನಮ್ಮ ದೇಶದಲ್ಲಿ. ಮನೆಯ ಲ್ಯಾಪ್‌ಟಾಪಿಗೆ ನಾಳೆಯೇ ಹೀಗಾಗುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಆದರೆ ಲಾಗಿನ್ ಆಗದೆ ಪೂರ್ತಿ ಕೆಲಸ ಮಾಡದ ಯಂತ್ರದ ಕೀಲಿ ಬೇರೆಯವರ ಹತ್ತಿರ ಇರುತ್ತದೆ ಅನ್ನುವುದು ಈ ಪ್ರಕರಣದಲ್ಲಿ ಕಣ್ಣಿಗೆ ಕಂಡಿತು. ಈ ವಿಷಯದಲ್ಲಿ ಗೂಗಲ್ ಖಾತೆ ಕೇಳುವ ಫ್ಲೆಕ್ಸ್‌ಗೂ ಮೈಕ್ರೋಸಾಫ್ಟ್ ಖಾತೆ ಕೇಳುವ ಈ ಅಪ್‌ಡೇಟ್ ಯೋಜನೆಗೂ ವ್ಯತ್ಯಾಸ ಇಲ್ಲ.

ಲಿನಕ್ಸ್ ಕೂಡ ರಾಜಕೀಯದಿಂದ ಪೂರ್ತಿ ಹೊರಗಿಲ್ಲ. 2024ರ ಅಕ್ಟೋಬರಿನಲ್ಲಿ ನಿರ್ಬಂಧಗಳ ಕಾರಣಕ್ಕೆ ಕೆಲವು ರಷ್ಯನ್ನರ ಹೆಸರುಗಳನ್ನು ಲಿನಕ್ಸ್ ಕರ್ನೆಲ್‌ನ ನಿರ್ವಾಹಕರ ಪಟ್ಟಿಯಿಂದ ತೆಗೆದರು. ಆದರೆ ಕೋಡ್ ಎಲ್ಲರ ಹತ್ತಿರ ಉಳಿಯಿತು. ಅದನ್ನು ಯಾರಿಂದಲೂ ಕಿತ್ತುಕೊಳ್ಳಲು ಬರುವುದಿಲ್ಲ. ನಮ್ಮ ರಕ್ಷಣಾ ಸಚಿವಾಲಯ 2023ರಲ್ಲಿ ಉಬುಂಟು ಆಧಾರದ ಮಾಯಾ ಓಎಸ್ ಕಡೆ ಹೊರಳಿದ್ದು, ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್ ಆರಿಸಿದ್ದು ಎರಡೂ ನನಗೆ ಸರಿ ಅನ್ನಿಸುತ್ತವೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. ನಮ್ಮ ಶಾಲೆಗಳಲ್ಲೂ ಆಗಬೇಕು ಅಲ್ವಾ?

ಒಂದು ಮಾತ್ರ ನೆನಪಿರಲಿ. ಪೊಲೀಸ್ ಅಂತ ಹೇಳಿಕೊಂಡು ವಿಡಿಯೊ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಅನ್ನುವವರಿಂದ ಈ ಮೂರರಲ್ಲಿ ಯಾವುದೂ ಕಾಪಾಡುವುದಿಲ್ಲ. ಅಂಥ ಬಂಧನ ಕಾನೂನಿನಲ್ಲೇ ಇಲ್ಲ. ಕರೆ ಕತ್ತರಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಯಾರಿಗೆ ಯಾವುದು?

ಅಮ್ಮ ಅಪ್ಪನಿಗೆ ಸುದ್ದಿ, ಯೂಟ್ಯೂಬ್, ಇಮೇಲ್ ಸಾಕು, ಪಕ್ಕದಲ್ಲಿ ಸಹಾಯಕ್ಕೆ ಯಾರೂ ಇಲ್ಲ ಅನ್ನುವ ಮನೆಗೆ ಫ್ಲೆಕ್ಸ್. ಕನ್ನಡ ಬರೆಯುವವರಿಗೆ, ವಿದ್ಯಾರ್ಥಿಗಳಿಗೆ, ಸ್ವಲ್ಪ ಕಲಿಯುವ ಮನಸ್ಸಿರುವ ಎಲ್ಲರಿಗೂ ಮಿಂಟ್. ಪೆನ್‌ಡ್ರೈವಿನಿಂದ ಬೂಟ್ ಮಾಡಿ ವೈಫೈ, ಸದ್ದು, ಪ್ರಿಂಟರ್ ನೋಡಿಕೊಂಡ ಮೇಲೆ ಇನ್‌ಸ್ಟಾಲ್ ಮಾಡಿ. ಕಡತಗಳ ಬ್ಯಾಕಪ್ ಮೊದಲೇ ಆಗಿರಲಿ.

ಚಿಕ್ಕಪ್ಪನ ಅಂಗಡಿಯ ಕಂಪ್ಯೂಟರಿನಲ್ಲಿ ಟ್ಯಾಲಿ ಇದೆ. ಅದಕ್ಕೆ ವಿಂಡೋಸ್ 10ರ ಹೆಚ್ಚುವರಿ ಅಪ್‌ಡೇಟ್ ಸೇರಿಸಿದ್ದೇವೆ. ಗಡುವು ಮುಗಿಯುವ ಮೊದಲು ಎಂಟನೇ ತಲೆಮಾರಿನ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ತಂದು ಟ್ಯಾಲಿಯನ್ನು ಅದಕ್ಕೆ ಸಾಗಿಸುತ್ತೇವೆ. ಈಗಿನದು ಮಿಂಟ್ ಹಾಕಿಸಿಕೊಂಡು ಅವರ ಮಗಳ ಓದಿಗೆ ಹೋಗುತ್ತದೆ.