2 ಜಿಬಿ ರ‍್ಯಾಮಿಗೆ ಯಾವ ಬ್ರೌಸರ್: ಎಪಿಫನಿ, ಫಾಲ್ಕನ್, ಡಿಲೊ, ನೆಟ್‌ಸರ್ಫ್

ಮೊದಲೇ ಹೇಳಿಬಿಡುತ್ತೇನೆ: ಇವುಗಳಲ್ಲಿ ನಾನು ಉಳಿಸಿಕೊಂಡದ್ದು ಎಪಿಫನಿ. ಗ್ನೋಮ್ ವೆಬ್ ಎಂದರೂ ಇದೇ. ಮೆನುವಿನಲ್ಲಿ ಬರೀ ‘ವೆಬ್’ ಎಂದು ಕಾಣುತ್ತದೆ. ಎರಡನೆಯದು ಫಾಲ್ಕನ್. ಡಿಲೊದಷ್ಟು ಹಗುರ ಇನ್ನೊಂದಿಲ್ಲ, ಆದರೆ ಕನ್ನಡ ಓದುವವರಿಗೆ ಅದನ್ನು ಕೊಡಲು ಮನಸ್ಸು ಬರುವುದಿಲ್ಲ. ಕಾರಣ ಕೆಳಗೆ ವಿವರವಾಗಿಯೇ ಇದೆ.

ಪರೀಕ್ಷೆ ಮಾಡಿದ್ದು ಮೈಸೂರಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ. ‘ರ‍್ಯಾಮ್ ಆಮೇಲೆ ಹಾಕಿಸ್ಕೋಬಹುದು’ ಎಂಬ ಮಾತಿನ ಮೇಲೆ ಕೊಂಡದ್ದು. ಮುಚ್ಚಳ ತೆಗೆದರೆ 2 ಜಿಬಿ ಬೋರ್ಡಿಗೇ ಬೆಸುಗೆಯಾಗಿದೆ, ಖಾಲಿ ಸ್ಲಾಟೇ ಇಲ್ಲ. ಅದರ ಮೇಲೆ ಡೆಬಿಯನ್ 12 ಎಂಬ ಲಿನಕ್ಸ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಕೆಲಸ ಇಷ್ಟೇ: ಕನ್ನಡ ಪತ್ರಿಕೆ, ಕನ್ನಡ ವಿಕಿಪೀಡಿಯ, ಪಹಣಿ ತೆಗೆದು ಪ್ರಿಂಟ್ ಹಾಕುವುದು, ಮಳೆಗಾಲದಲ್ಲಿ ದಿನ ಬೆಳಗಾದರೆ ಕೆಆರ್‌ಎಸ್ ನೀರಿನ ಮಟ್ಟ ನೋಡುವುದು. ಮಂಡ್ಯ ಕಡೆ ಗದ್ದೆಯಿರುವ ಮನೆಗಳಲ್ಲಿ ಈ ಕೊನೆಯದು ಕಾಫಿಗಿಂತ ಮೊದಲು ಆಗಬೇಕಾದ ಕೆಲಸ.

ಡಿಲೊದಿಂದಲೇ ಶುರು ಮಾಡೋಣ. ಗುಂಡಿ ಒತ್ತಿದ ತಕ್ಷಣ ಕಿಟಕಿ ತೆರೆಯುತ್ತದೆ. ಅಣೆಕಟ್ಟೆಗಳ ಮಟ್ಟದ ಸಾದಾ ಪಟ್ಟಿಯಿರುವ ಪುಟವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. 124.80 ಅಡಿ ಎಂಬ ಗರಿಷ್ಠ ಮಟ್ಟದ ಅಂಕಿ ಸ್ಪಷ್ಟವಾಗಿ ಕಾಣುತ್ತದೆ. ಅದರ ಪಕ್ಕದಲ್ಲಿರುವ ‘ಕೃಷ್ಣರಾಜಸಾಗರ’ ಮಾತ್ರ ಒಡೆದು ಹೋಗಿರುತ್ತದೆ: ‘ಷ’ದ ಕೆಳಗೆ ಇಳಿಯಬೇಕಾದ ‘ಣ’ದ ಒತ್ತು ಇಳಿಯದೆ, ಇಡೀ ‘ಣ’ ಆಗಿ ಪಕ್ಕದಲ್ಲಿ ನಿಂತಿರುತ್ತದೆ. ‘ಮಂಡ್ಯ’ದಲ್ಲಿ ‘ಡ’ ಬೇರೆ, ಹಲಂತದ ಗುರುತು ಬೇರೆ, ‘ಯ’ ಬೇರೆ. ‘ಸರ್ಕಾರ’ದಲ್ಲಿ ಅರ್ಕಾವೊತ್ತೇ ಇಲ್ಲ. ಗುಡಿಸು ಬಂದಲ್ಲಿ ತಲೆಕಟ್ಟು ಹೋಗಬೇಕು, ಹೋಗುವುದಿಲ್ಲ. ಎರಡೂ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ.

ಇದನ್ನು ಕಂಡವರು ಮೊದಲು ಮಾಡುವುದು ಫಾಂಟ್ ಬದಲಿಸುವುದು. ಲೋಹಿತ್ ಹೋಗಿ ಗುಬ್ಬಿ, ಗುಬ್ಬಿ ಹೋಗಿ ನವಿಲು, ಆಮೇಲೆ ನೋಟೊ. ಮನೆ ಫೋಲ್ಡರಿನ ಡಾಟ್ ಡಿಲೊ ಒಳಗಿರುವ ಡಿಲೊಆರ್‌ಸಿ ಕಡತದಲ್ಲಿ ಫಾಂಟ್ ಹೆಸರು ಬರೆದು ಬರೆದು ಒಂದು ಸಂಜೆ ಹೋಗುತ್ತದೆ. ಅಕ್ಷರದ ಚಹರೆ ಬದಲಾಗುತ್ತದೆ, ಒತ್ತು ಮಾತ್ರ ಕೂಡುವುದಿಲ್ಲ. ತಪ್ಪು ಫಾಂಟಿನದಲ್ಲ. ‘ಡ’, ಹಲಂತ, ‘ಯ’ ಈ ಮೂರು ಸಂಕೇತಗಳು ಒಟ್ಟಿಗೆ ಬಂದರೆ ‘ಡ್ಯ’ ಎಂಬ ರೂಪ ಹಾಕು ಎಂಬ ನಿಯಮ ಫಾಂಟಿನ ಒಳಗೇ ಬರೆದಿದೆ. ಆ ನಿಯಮವನ್ನು ಓದಿ ನಡೆಸಲು ಹಾರ್ಫ್‌ಬಜ್‌ನಂಥ ತಂತ್ರಾಂಶ ಬೇಕು. ಡೆಬಿಯನ್ 12ರ ಡಿಲೊ 3.0.5 ನಿಂತಿರುವುದು ಕಿಟಕಿ, ಅಕ್ಷರ ಬಿಡಿಸುವ ಎಫ್‌ಎಲ್‌ಟಿಕೆ 1.3 ಎಂಬ ಲೈಬ್ರರಿಯ ಮೇಲೆ. ಅದು ಎಕ್ಸ್‌ಎಫ್‌ಟಿ ಮೂಲಕ ಒಂದು ಸಂಕೇತಕ್ಕೆ ಒಂದು ಚಿತ್ರದಂತೆ ಸಾಲಾಗಿ ಇಡುತ್ತಾ ಹೋಗುತ್ತದೆ, ನಿಯಮದ ಪಟ್ಟಿಯನ್ನು ತೆರೆದೇ ನೋಡುವುದಿಲ್ಲ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು.

ಪಠ್ಯ ಒಳಗೆ ಸರಿಯಾಗಿಯೇ ಇರುತ್ತದೆ. ಅದೇ ಸಾಲನ್ನು ಕಾಪಿ ಮಾಡಿ ಮೌಸ್‌ಪ್ಯಾಡ್ ಎಡಿಟರಿನಲ್ಲಿ ಪೇಸ್ಟ್ ಮಾಡಿದರೆ ಒತ್ತು, ಅರ್ಕಾವೊತ್ತು ಎಲ್ಲವೂ ಜಾಗಕ್ಕೆ ಬರುತ್ತವೆ. ದೋಷ ಪುಟದಲ್ಲಿದೆಯೋ ಬ್ರೌಸರಿನಲ್ಲಿದೆಯೋ ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಪೇಸ್ಟ್ ಮಾಡಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ಅದು ಬೇರೆ ಕಥೆ: ಆ ಪುಟ ಯೂನಿಕೋಡ್ ಅಲ್ಲ, ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದೆ. ಅದಕ್ಕೆ ಯಾವ ಬ್ರೌಸರೂ ಜವಾಬ್ದಾರಿಯಲ್ಲ.

ಎಫ್‌ಎಲ್‌ಟಿಕೆ 1.4ರಲ್ಲಿ, ಹಾರ್ಫ್‌ಬಜ್ ನೆರವಿನಿಂದ ಅಕ್ಷರ ಕೂಡಿಸುವ ಪ್ಯಾಂಗೊ ಲೈಬ್ರರಿ ಸೇರಿಸಿ ಕಟ್ಟುವ ಆಯ್ಕೆಯಿದೆ. ಆದರೆ ಲೈಬ್ರರಿಯನ್ನೂ ಡಿಲೊವನ್ನೂ ಮೂಲದಿಂದ ಕಂಪೈಲ್ ಮಾಡಿಕೊಂಡು, ಪ್ರತಿ ಬಿಡುಗಡೆಗೂ ಅದನ್ನೇ ಮತ್ತೆ ಮಾಡುತ್ತಾ ಕೂರಬೇಕು. ಅಷ್ಟಾದರೂ ಜಾವಾಸ್ಕ್ರಿಪ್ಟ್ ಇಲ್ಲದ ಬ್ರೌಸರಿನಲ್ಲಿ ಪಹಣಿಯ ಪುಟದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿಯ ಪಟ್ಟಿ ತುಂಬಿಕೊಳ್ಳುವುದಿಲ್ಲ. ಇಂಗ್ಲಿಷ್ ಕೈಪಿಡಿಗಳನ್ನು ಓದಲು ಡಿಲೊ ಇಟ್ಟುಕೊಳ್ಳಿ, ಆ ಕೆಲಸಕ್ಕೆ ಬಹಳ ಚೆನ್ನ. ಕುಕೀ ಮೊದಲಿಂದಲೇ ಬಂದ್ ಆಗಿರುತ್ತದೆ ಎಂಬುದು ನೆನಪಿರಲಿ.

ನೆಟ್‌ಸರ್ಫ್ ಬೇರೆ ಥರ. ಅದರ ಜಿಟಿಕೆ ಆವೃತ್ತಿ ಅಕ್ಷರವನ್ನು ಪ್ಯಾಂಗೊ ಮೂಲಕ ಬರೆಯುವುದರಿಂದ ಕನ್ನಡ ಸೊಗಸಾಗಿ ಕೂಡುತ್ತದೆ. ಎಂಜಿನ್, ಅಂದರೆ ಪುಟವನ್ನು ಓದಿ ಪರದೆಗೆ ಬಿಡಿಸುವ ಭಾಗ, ಅದರ ಸ್ವಂತದ್ದು. ಮೆಮೊರಿಯೂ ತೀರ ಕಡಿಮೆ. ಕೈಕೊಡುವುದು ಪುಟದ ವಿನ್ಯಾಸದಲ್ಲಿ. ಅಂಕಣಗಳನ್ನು ಪಕ್ಕಪಕ್ಕ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ವಿಧಾನ ಬಂದದ್ದು 3.11ರಲ್ಲಿ, ಡೆಬಿಯನ್ 12ರಲ್ಲಿರುವುದು 3.10. ಪಕ್ಕಪಕ್ಕ ಇರಬೇಕಾದ ಅಂಕಣಗಳು ಒಂದರ ಕೆಳಗೊಂದು ಉದ್ದಕ್ಕೆ ಇಳಿಯುತ್ತವೆ, ಸುದ್ದಿ ಸಿಗಬೇಕಾದರೆ ಮೂರು ಪರದೆ ಕೆಳಗೆ ಹೋಗಬೇಕು. ಜಾವಾಸ್ಕ್ರಿಪ್ಟ್ ಇದ್ದೂ ಇಲ್ಲದಂತೆ.

ಹೀಗೆ ದಿನದ ಬಳಕೆಗೆ ಉಳಿಯುವುದು ಎರಡೇ: ಎಪಿಫನಿ ಮತ್ತು ಫಾಲ್ಕನ್. ಎರಡರಲ್ಲೂ ಕನ್ನಡ ನಿರ್ದೋಷ. ವ್ಯತ್ಯಾಸ ಇರುವುದು ಎಂಜಿನ್ನಿನಲ್ಲಿ.

ಫಾಲ್ಕನ್ ಕೆಡಿಇ ಬಳಗದ್ದು, ಹಿಂದೆ ಕಪ್‌ಜಿಲ್ಲಾ ಎಂಬ ಹೆಸರಿತ್ತು. ಒಳಗಿರುವುದು ಕ್ಯೂಟಿ ವೆಬ್‌ಎಂಜಿನ್, ಅಂದರೆ ಕ್ರೋಮಿಯಂ. ಡೆಬಿಯನ್ 12ರಲ್ಲಿ ಸಿಗುವ ಕ್ಯೂಟಿ 5.15ರ ಎಂಜಿನ್ನಿನ ಬುಡ ಕ್ರೋಮಿಯಂ 87, ಅದು ಹೊರಬಂದದ್ದು 2020ರಲ್ಲಿ. ಆಮೇಲೆ ಬಂದ ಜಾವಾಸ್ಕ್ರಿಪ್ಟ್ ಸೌಲಭ್ಯಗಳು ಅದಕ್ಕೆ ಗೊತ್ತಿಲ್ಲ: ಪಟ್ಟಿಯ ಕೊನೆಯ ಅಂಶವನ್ನು ತೆಗೆಯುವ ‘ಅಟ್’ ಬಂದದ್ದು 92ರಲ್ಲಿ, ‘ಸ್ಟ್ರಕ್ಚರ್ಡ್ ಕ್ಲೋನ್’ 98ರಲ್ಲಿ. ಇವನ್ನು ನಂಬಿ ಬರೆದ ಪುಟ ಫಾಲ್ಕನ್‌ನಲ್ಲಿ ತೆರೆಯುತ್ತದೆ, ನೋಡಲು ಎಲ್ಲ ಸರಿಯಾಗಿರುತ್ತದೆ, ಆದರೆ ‘ಸಲ್ಲಿಸಿ’ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ದೋಷದ ಸಂದೇಶವೂ ಬರುವುದಿಲ್ಲ. ನೆಟ್ ನಿಧಾನವಿರಬೇಕು ಅಂದುಕೊಂಡು ಹತ್ತು ಸಲ ಒತ್ತುತ್ತೀರಿ.

ಇದಕ್ಕಿಂತ ಮುಖ್ಯವಾದದ್ದು ಸುರಕ್ಷತೆ. ಕ್ಯೂಟಿ ವೆಬ್‌ಎಂಜಿನ್ ಭದ್ರತಾ ಬೆಂಬಲದ ವ್ಯಾಪ್ತಿಯಲ್ಲಿಲ್ಲ, ವೆಬ್‌ಕಿಟ್ ಜಿಟಿಕೆ ಇದೆ ಎಂಬುದು ಡೆಬಿಯನ್ನಿನ ದಾಖಲೆಗಳಿಂದಲೇ ತಿಳಿಯುತ್ತದೆ. ಎಪಿಫನಿ ಓಡುವುದು ಈ ವೆಬ್‌ಕಿಟ್ ಜಿಟಿಕೆ ಮೇಲೆ. ಬ್ರೌಸರಿನ ಆವೃತ್ತಿ 43ರಲ್ಲೇ ನಿಂತಿದ್ದರೂ ಎಂಜಿನ್ನಿನ ಹೊಸ ಆವೃತ್ತಿಗಳು ಭದ್ರತಾ ಅಪ್‌ಡೇಟ್ ದಾರಿಯಲ್ಲಿ ಬರುತ್ತಲೇ ಇರುತ್ತವೆ. ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ಹೋಗುವ ಬ್ರೌಸರಿಗೆ ಇದು ಬೇಕೇ ಬೇಕು. ಎಪಿಫನಿಯನ್ನು ಆರಿಸಿಕೊಳ್ಳಲು ನನಗೆ ಇದೊಂದೇ ಸಾಕಾಯಿತು. ಡೆಬಿಯನ್ 13 ಹಾಕಿಕೊಂಡವರಿಗೆ ಕ್ಯೂಟಿ 6.8, ಅದರ ಬುಡ ಕ್ರೋಮಿಯಂ 122. ಗುಂಡಿಯ ತೊಂದರೆ ಅಲ್ಲಿ ಬಹುಮಟ್ಟಿಗೆ ಕಡಿಮೆ.

ಫಾಲ್ಕನ್ ಮುಂದಿರುವುದು ಜಾಹೀರಾತು ತಡೆಯುವುದರಲ್ಲಿ. ಆಡ್‌ಬ್ಲಾಕ್ ಒಳಗೇ ಇದೆ, ನಮಗೆ ಬೇಕಾದ ಪಟ್ಟಿ ಸೇರಿಸಬಹುದು, ಒಂದೊಂದೇ ನಿಯಮವನ್ನೂ ಬರೆಯಬಹುದು. ಎಪಿಫನಿಯಲ್ಲಿ ಇರುವುದು ಆನ್, ಆಫ್ ಅಷ್ಟೇ. ಆದರೆ ಎಪಿಫನಿ ಪಟ್ಟಿಯನ್ನು ಒಂದು ಸಲ ಇಳಿಸಿಕೊಂಡು ಎಂಜಿನ್ನಿಗೇ ಕಲಿಸಿಬಿಡುತ್ತದೆ, ಅದಕ್ಕೆಂದು ಪ್ರತ್ಯೇಕ ಎಕ್ಸ್‌ಟೆನ್ಷನ್ ಓಡಿಸುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನೆಟ್ ಬಳಸುವವರಿಗೆ ಇಷ್ಟರಿಂದಲೇ ಸಾಕಷ್ಟು ಡೇಟಾ ಉಳಿಯುತ್ತದೆ.

ಇನ್ನು ಎಪಿಫನಿಯನ್ನು ಹೊಂದಿಸಿಕೊಳ್ಳುವ ಬಗೆ. ಪ್ಯಾಕೇಜಿನ ಹೆಸರು ‘ಎಪಿಫನಿ-ಬ್ರೌಸರ್’. ಬರೀ ‘ಎಪಿಫನಿ’ ಎಂದು ಹಾಕಿದರೆ ಅದೇ ಹೆಸರಿನ ಆಟವೊಂದು ಬಂದು ಕೂರುತ್ತದೆ. ಜೊತೆಗೆ ಮೂರು ಹಾಕಿ: ವಿಡಿಯೊಗೆ ‘ಜಿಸ್ಟ್ರೀಮರ್ 1.0 ಲಿಬ್‌ಎವಿ’, ಪಾಸ್‌ವರ್ಡಿಗೆ ‘ಗ್ನೋಮ್ ಕೀರಿಂಗ್’, ಅಕ್ಷರಕ್ಕೆ ‘ಫಾಂಟ್ಸ್-ನೋಟೊ-ಕೋರ್’ ಅಥವಾ ‘ಫಾಂಟ್ಸ್-ಗುಬ್ಬಿ’. ಮೊದಲನೆಯದು ಇಲ್ಲದಿದ್ದರೆ ಎಚ್ 264 ವಿಡಿಯೊ ಓಡುವುದಿಲ್ಲ. ಎಕ್ಸ್‌ಎಫ್‌ಸಿಇಯಲ್ಲಿ ಎರಡನೆಯದು ಇಲ್ಲದಿದ್ದರೆ ಪಾಸ್‌ವರ್ಡ್ ಉಳಿಯುವುದಿಲ್ಲ.

ಪ್ರಿಫರೆನ್ಸಸ್‌ನಲ್ಲಿ ಜಾಹೀರಾತು ತಡೆ ಆನ್ ಇದೆಯೇ ನೋಡಿ. ಅಲ್ಲೇ ಇರುವ ‘ಇಂಟೆಲಿಜೆಂಟ್ ಟ್ರ್ಯಾಕಿಂಗ್ ಪ್ರಿವೆನ್ಷನ್’ ಸಾಮಾನ್ಯವಾಗಿ ಆನ್ ಇರಲಿ. ಹಣ ಕಟ್ಟುವಾಗ ಒಂದು ತಾಣದಿಂದ ಇನ್ನೊಂದಕ್ಕೆ ಹಾರಿ ವಾಪಸ್ ಬಂದ ಮೇಲೆ ಮತ್ತೆ ಲಾಗಿನ್ ಕೇಳುತ್ತಿದ್ದರೆ ಅಷ್ಟು ಹೊತ್ತು ಆಫ್ ಮಾಡಿ ನೋಡಿ. ಹಿಂದಿನ ಟ್ಯಾಬ್‌ಗಳನ್ನು ಮತ್ತೆ ತೆರೆಯುವ ಆಯ್ಕೆಯನ್ನು ಹೆದರದೆ ಹಾಕಿಕೊಳ್ಳಬಹುದು. ಕ್ಲಿಕ್ ಮಾಡುವವರೆಗೆ ಆ ಪುಟ ಲೋಡ್ ಆಗುವುದಿಲ್ಲ. ತಾಣವನ್ನು ‘ವೆಬ್ ಆಪ್’ ಮಾಡಿಕೊಳ್ಳುವ ಸೌಲಭ್ಯ ಚೆಂದ ಕಂಡರೂ 2 ಜಿಬಿಯಲ್ಲಿ ಬೇಡ. ಪ್ರತಿ ಆಪ್ ತನ್ನದೇ ಪ್ರೊಫೈಲ್, ತನ್ನದೇ ಪ್ರೊಸೆಸ್‌ಗಳನ್ನು ಹೂಡುತ್ತದೆ.

ಕನ್ನಡಕ್ಕೆಂದೇ ಮಾಡಿಕೊಳ್ಳಬೇಕಾದ ಒಂದು ತಿದ್ದುಪಡಿ ಇದೆ. ಅನೇಕ ತಾಣಗಳು ಸಾಲಿನ ಎತ್ತರವನ್ನು ಇಂಗ್ಲಿಷ್ ಅಳತೆಗೆ ಹೊಂದಿಸಿರುತ್ತವೆ. ‘ರಾಷ್ಟ್ರ’, ‘ಸ್ತ್ರೀ’ಯಂಥ ಎರಡೆರಡು ಒತ್ತಿನ ಪದಗಳ ಬುಡ ಶೀರ್ಷಿಕೆಗಳಲ್ಲಿ ಕತ್ತರಿಸಿ ಹೋಗುತ್ತದೆ. ಅಪಿಯರೆನ್ಸ್ ಭಾಗದಲ್ಲಿ ‘ಯೂಸ್ ಕಸ್ಟಮ್ ಸ್ಟೈಲ್‌ಶೀಟ್’ ಆನ್ ಮಾಡಿ ಪಕ್ಕದ ಎಡಿಟ್ ಒತ್ತಿ. ಪ್ಯಾರಾ, ಪಟ್ಟಿ, ಶೀರ್ಷಿಕೆಗಳಿಗೆ ಲೈನ್-ಹೈಟ್ 1.7 ಎಂದು ಬರೆದು ಮುಂದೆ ‘ಇಂಪಾರ್ಟೆಂಟ್’ ಗುರುತು ಹಾಕಿ. 1.5 ಇಟ್ಟರೆ ಎರಡನೇ ಒತ್ತು ಇನ್ನೂ ತಾಗುತ್ತದೆ. 2 ಇಟ್ಟರೆ ಸಾಲುಗಳು ಚದುರಿದಂತೆ ಕಾಣುತ್ತವೆ. ನವಿಲು ಫಾಂಟ್ ಬಳಸುವವರು ಒಂದಿಷ್ಟು ಹೆಚ್ಚು ಕಡಿಮೆ ಮಾಡಿ ನೋಡಬೇಕು.

ಹಳೆಯ ಗ್ರಾಫಿಕ್ಸ್ ಚಿಪ್ಪಿನಲ್ಲಿ ಪುಟ ಬರದೆ ಬರೀ ಬಿಳಿ ಪರದೆ ಕಂಡರೆ, ಬ್ರೌಸರ್ ಶುರುವಾಗುವ ಮೊದಲು ‘ವೆಬ್‌ಕಿಟ್ ಡಿಸೇಬಲ್ ಡಿಎಂಎಬಫ್ ರೆಂಡರರ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿಗೆ 1 ಕೊಡಿ. ಎಲ್ಲ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಡಾಟ್ ಪ್ರೊಫೈಲ್ ಕಡತದಲ್ಲಿ ಸೇರಿಸಿ ಲಾಗೌಟ್ ಮಾಡಿ ಬಂದರೆ ಸಾಕು. ‘ಕ್ರೋಮ್ ಮಾತ್ರ’ ಎಂದು ಹಟ ಹಿಡಿಯುವ ತಾಣಗಳಿಗೆ ಡಿಕಾನ್ಫ್ ಎಡಿಟರಿನಲ್ಲಿ ಆರ್ಗ್, ಗ್ನೋಮ್, ಎಪಿಫನಿ, ವೆಬ್ ಎಂದು ಇಳಿದು ಯೂಸರ್ ಏಜೆಂಟ್, ಅಂದರೆ ಬ್ರೌಸರ್ ತಾಣಕ್ಕೆ ತನ್ನ ಹೆಸರು ಹೇಳುವ ಸಾಲು, ಬದಲಿಸಬಹುದು. ಕೆಲಸ ಮುಗಿದ ಮೇಲೆ ಮೊದಲಿದ್ದಂತೆ ಮಾಡಿ. ಹಾಗೇ ಬಿಟ್ಟರೆ ಸರಿಯಿದ್ದ ಬೇರೆ ತಾಣಗಳು ಕ್ರೋಮಿನ ಸ್ಕ್ರಿಪ್ಟ್ ಕಳಿಸಿ ಕೆಡುತ್ತವೆ.

ಕ್ಯೂಟ್‌ಬ್ರೌಸರ್ ಎಂಬ ಇನ್ನೊಂದು ಬ್ರೌಸರಿನ ಬಗ್ಗೆ ಕೇಳುವವರಿದ್ದಾರೆ. ಎಂಜಿನ್ ಫಾಲ್ಕನ್‌ನದೇ, ಹಾಗಾಗಿ ಆ ತೊಂದರೆಗಳೂ ಅವೇ. ಮೌಸ್ ಮುಟ್ಟದೆ ಕೀಲಿಗಳಲ್ಲೇ ಓಡಾಡುವುದು ಅದರ ಸೊಬಗು, ಆದರೆ ಕೀಬೋರ್ಡ್ ಕನ್ನಡದಲ್ಲಿದ್ದರೆ ಆ ಒಂಟಿ ಅಕ್ಷರದ ಆಜ್ಞೆಗಳು ಅದಕ್ಕೆ ಕೇಳಿಸುವುದಿಲ್ಲ. ‘ಜೆ’ ಒತ್ತಿದರೆ ಅದಕ್ಕೆ ಹೋಗುವುದು ‘ಜ’. ಪ್ರತಿ ಸಲ ಕನ್ನಡದಲ್ಲಿ ಹುಡುಕಿ ಮತ್ತೆ ಇಂಗ್ಲಿಷಿಗೆ ಬದಲಿಸುವ ಅಭ್ಯಾಸ ಬೇಕು. ಕಾನ್ಫಿಗ್ ಕಡತದ ‘ಕೀ ಮ್ಯಾಪಿಂಗ್ಸ್’ನಲ್ಲಿ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಕೀಲಿಗಳಿಗೆ ಜೋಡಿಸಬಹುದು, ತಾಳ್ಮೆಯಿದ್ದವರಿಗೆ.

ಯಾವುದು ಎಷ್ಟು ಮೆಮೊರಿ ತಿನ್ನುತ್ತದೆ ಎಂದು ಅಳೆಯುವಾಗ, ಓಡುತ್ತಿರುವ ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಎಚ್‌ಟಾಪ್‌ನ ‘ರೆಸ್’ ಅಂಕಣವನ್ನು ಕೂಡಬೇಡಿ. ಹಲವು ಪ್ರೊಸೆಸ್‌ಗಳು ಹಂಚಿಕೊಂಡ ಲೈಬ್ರರಿ ಅಲ್ಲಿ ಮತ್ತೆ ಮತ್ತೆ ಎಣಿಕೆಯಾಗುತ್ತದೆ. ‘ಎಸ್‌ಮೆಮ್’ ಹಾಕಿಕೊಂಡು, ಹಂಚಿಕೊಂಡದ್ದನ್ನು ಪಾಲು ಮಾಡಿ ಎಣಿಸುವ ‘ಪಿಎಸ್‌ಎಸ್’ ಅಂಕಣ ನೋಡಿ. ಎಪಿಫನಿಗೆ ವೆಬ್‌ಕಿಟ್ ಹೆಸರಿನ ಪ್ರೊಸೆಸ್‌ಗಳನ್ನೂ, ಫಾಲ್ಕನ್‌ಗೆ ಕ್ಯೂಟಿ ವೆಬ್‌ಎಂಜಿನ್ ಪ್ರೊಸೆಸ್‌ಗಳನ್ನೂ ಸೇರಿಸಿಕೊಳ್ಳಬೇಕು. ಒಂದೇ ಪುಟ, ಜಾಹೀರಾತು ತಡೆ ಎರಡರಲ್ಲೂ ಆನ್, ತೆರೆದು ಎರಡು ನಿಮಿಷ ಬಿಟ್ಟು ನೋಡಿದರೆ ಹೋಲಿಕೆ ನ್ಯಾಯವಾಗಿರುತ್ತದೆ. ಭಾರದ ಪುಟಗಳಲ್ಲಿ ಎರಡರ ನಡುವೆ ಅಂಥ ಅಂತರ ಕಾಣಲಿಲ್ಲ. ತೂಕ ಬ್ರೌಸರಿನದಲ್ಲ, ಪುಟದ್ದು.

ಅದಕ್ಕೇ ‘ಜೆಡ್‌ರ‍್ಯಾಮ್-ಟೂಲ್ಸ್’ ಹಾಕುವುದು ಬ್ರೌಸರ್ ಬದಲಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಇಟಿಸಿ ಫೋಲ್ಡರಿನ ‘ಡಿಫಾಲ್ಟ್’ ಒಳಗಿರುವ ‘ಜೆಡ್‌ರ‍್ಯಾಮ್‌ಸ್ವಾಪ್’ ಕಡತದಲ್ಲಿ ಆಲ್ಗೊ ಸಾಲಿಗೆ ‘ಜೆಡ್‌ಎಸ್‌ಟಿಡಿ’, ಪರ್ಸೆಂಟ್ ಸಾಲಿಗೆ 50 ಬರೆದು ಸೇವೆಯನ್ನು ರೀಸ್ಟಾರ್ಟ್ ಮಾಡಿ. ಬಳಕೆಯಲ್ಲಿಲ್ಲದ ಟ್ಯಾಬಿನ ಮೆಮೊರಿ ಹಾರ್ಡ್ ಡಿಸ್ಕಿಗೆ ಹೋಗುವ ಬದಲು ಒತ್ತಿ ಮಡಿಸಿಕೊಂಡು ರ‍್ಯಾಮಿನಲ್ಲೇ ಉಳಿಯುತ್ತದೆ. ಟ್ಯಾಬ್ ಬದಲಿಸಿದಾಗ ಗರಗರ ಸದ್ದು ಮಾಡುತ್ತಾ ಯಂತ್ರ ನಿಂತುಬಿಡುವುದು ಇದರಿಂದ ತಪ್ಪುತ್ತದೆ.

ನಾಲ್ಕೈದು ಟ್ಯಾಬಿಗಿಂತ ಹೆಚ್ಚು ತೆರೆಯದ, ಹೆಚ್ಚಾಗಿ ಓದುವ, ಆಗಾಗ ಪಹಣಿ ಪ್ರಿಂಟ್ ಹಾಕುವ ನನ್ನ ಬಳಕೆಗೆ ಎಪಿಫನಿ ಸರಿಯಾಗಿ ಕೂತಿದೆ. ಪೈಸೆ ಖರ್ಚಿಲ್ಲ. ಜಾಹೀರಾತಿನ ಮೇಲೆ ಪೂರ್ತಿ ಹಿಡಿತ ಬೇಕು, ಡೆಬಿಯನ್ 13 ಓಡುವ ಯಂತ್ರವಿದೆ ಎನ್ನುವವರು ಫಾಲ್ಕನ್ ನೋಡಬಹುದು. ಮನೆಯಲ್ಲಿ ಆನ್‌ಲೈನ್ ತರಗತಿ ಕೇಳುವ ಮಕ್ಕಳಿದ್ದರೆ ಮಾತ್ರ ಎಪಿಫನಿಯೊಂದನ್ನೇ ನಂಬಬೇಡಿ: ಡೆಬಿಯನ್ 12ರ ವೆಬ್‌ಕಿಟ್ ಜಿಟಿಕೆಯಲ್ಲಿ ಬ್ರೌಸರಿನೊಳಗೆ ವಿಡಿಯೊ ಕರೆ ನಡೆಸುವ ವೆಬ್‌ಆರ್‌ಟಿಸಿ ಇಲ್ಲ, ಕ್ಯಾಮೆರಾ, ಮೈಕ್ ಬೇಕಾದ ಮೀಟಿಂಗ್ ನಡೆಯುವುದಿಲ್ಲ. ಆ ಒಂದು ಗಂಟೆಗೆಂದು ಫೈರ್‌ಫಾಕ್ಸ್ ಇಎಸ್‌ಆರ್ ಪಕ್ಕದಲ್ಲಿರಲಿ, ಅದನ್ನು ತೆರೆಯುವ ಮೊದಲು ಎಪಿಫನಿಯನ್ನು ಪೂರ್ತಿ ಮುಚ್ಚಿ.